ಹಸಿರು ಬೈಕಿನ ಕೊನೆಯ ಮೂರು ರೇಸು

ಶಿವಗಂಗಾ ಬಾಗಿಲು ತಳ್ಳಿದ ರಭಸಕ್ಕೆ ಉಪ್ಪಲ್‌ನ ಕೇಬಲ್ ಆಫೀಸಿನ ಗೋಡೆಯ ಕ್ಯಾಲೆಂಡರ್ ಕಳಚಿ ಬಿತ್ತು.

"ನಿನ್ನೆಯವರೆಗೂ ಬರುತ್ತಿದ್ದ ಸ್ಪೋರ್ಟ್ಸ್ ಚಾನೆಲ್ ಇವತ್ತು ಎಲ್ಲಿ ಹೋಯಿತು?" ತೆಲುಗಿನಲ್ಲಿ ಕೂಗಿಯೇ ಬಿಟ್ಟಳು.

ವೈರುಗಳ ಗೋಜಲಿನ ನಡುವೆ ಕುಳಿತಿದ್ದ ಯುವಕ ತಲೆಯೆತ್ತಿದ. ಅವನೂ ತೆಲುಗಿನಲ್ಲೇ ಸಮಾಧಾನ ಹೇಳಿದ. ಹಬ್ಬದ ತಿಂಗಳು, ಜನ ಸಿನಿಮಾ ಚಾನೆಲ್ ಕೇಳುತ್ತಿದ್ದಾರೆ. ಕ್ರಿಕೆಟ್ ಇಲ್ಲದಾಗ ಆ ಚಾನೆಲ್ ಯಾರು ನೋಡುತ್ತಾರೆ?

"ನಾವು ನೋಡುತ್ತೇವೆ!"

"ಇಡೀ ಕಾಲೊನಿಯಲ್ಲಿ ನಿಮ್ಮದೊಂದೇ ಮನೆ, ಮೇಡಂ."

ಇವನ ಮುಂದೆ ಅಳಬಾರದು... ಥಟ್ಟನೆ ತಿರುಗಿ ತನ್ನಷ್ಟಕ್ಕೇ ಗೊಣಗಿದಳು. "ಇವಗೇನ್ ತಿಳೀತೈತಿ. ಕಲ್ಲಿನಂಥಾ ಮನಶ್ಯಾ..."

"ಕಲ್ಲಲ್ರಿ. ತಿಳಿಸಿ ಹೇಳಿದ್ರ ನನಗೂ ತಿಳೀತೈತಿ."

ಶಿವಗಂಗಾ ಬೆಚ್ಚಿಬಿದ್ದಳು. ಕನ್ನಡ! ಅದೂ ತನ್ನ ಮನೆಯ ಕನ್ನಡ!

"ನೀವು... ಯಾವ ಊರಿನವ್ರು?"

"ಶಹಾಪುರದ ಕಡೆಯಾಂವರಿ. ಅಪ್ಪ ಅವ್ವ ಬಿಲ್ಡಿಂಗ್ ಕೆಲಸಕ್ಕಂತ ಬಂದಾಗ ನಾ ಭಾಳ ಸಣ್ಣಾಂವ. ಅಂಬಾದಾಸ ಅಂತ ಹೆಸ್ರು. ಈಗ ಹೇಳ್ರಿ, ಆ ಚಾನೆಲ್‌ದಾಗ ಏನೈತಿ ಅಂಥಾದ್ದು?"

ಪರವೂರಿನಲ್ಲಿ ಸ್ವಂತ ಮಾತು ಕಿವಿಗೆ ಬಿದ್ದರೆ ಮನಸ್ಸಿನ ಬಿಗಿ ಸಡಿಲುತ್ತದೆ. ಶಿವಗಂಗಾ ಸ್ಟೂಲಿನ ಮೇಲೆ ಕುಳಿತಳು.

"ನಮ್ಮಪ್ಪಗ ಲಕ್ವಾ ಹೊಡದೈತ್ರಿ. ಬಲಗೈ, ಬಲಗಾಲು ಹೋಗ್ಯಾವ. ಮಾತೂ ಹೋಗೇತಿ. ಬೈಕ್ ರೇಸ್ ಹಚ್ಚಿದಾಗಷ್ಟೇ ಅಂವ ನಮ್ಮ ಕಡೆ ಬರ್ತಾನ. ಉಳದ ಹೊತ್ತೆಲ್ಲಾ ಗ್ವಾಡಿ ನೋಡ್ಕೋತ ಇರ್ತಾನ್ರಿ. ಈ ವರ್ಷದ ರೇಸ್ ಇನ್ನ ಮೂರs ಉಳದಾವ..."

ಅಂಬಾದಾಸ ಎದ್ದು ಒಂದು ವೈರು ಕಿತ್ತ, ಇನ್ನೊಂದನ್ನು ಸಿಕ್ಕಿಸಿದ. ಮೂಲೆಯ ಪುಟ್ಟ ಟಿ.ವಿ.ಯಲ್ಲಿ ಬೈಕುಗಳು ಭೋರೆಂದವು.

"ಸಿನಿಮಾ ನೋಡಾವ್ರು ಬೈತಾರ, ಬೈಯ್ಲಿ. ಹೋಗ್ರಿ ಮೇಡಂ, ಕಾಕಾಗ ತೋರಿಸ್ರಿ."

ಶಿವಗಂಗಾಳ ಅಪ್ಪ ಹಣಮಂತರಾಯರು ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವರು. ಉಳಿದವರೆಲ್ಲ ಬಸ್ಸು ಹಿಡಿದರೆ ಅವರು ಮಾತ್ರ ಉಪ್ಪಲ್‌ನಿಂದ ಇಡೀ ಊರು ದಾಟಿ ಬೈಕಿನಲ್ಲೇ ಹೋಗಿ ಬರುತ್ತಿದ್ದರು. ಮಗಳು ಸಣ್ಣವಳಿದ್ದಾಗಿನಿಂದ ತೊಡೆಯ ಮೇಲೆ ಕೂರಿಸಿಕೊಂಡು ಗ್ರ್ಯಾಂಡ್ ಪ್ರಿ ರೇಸು ತೋರಿಸಿದವರೂ ಅವರೇ. ಮಗಳು ಈಗ ಮಾಧಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಎಲ್ಲೆಲ್ಲಿಯ ತಪ್ಪುಗಳನ್ನೋ ಹುಡುಕಿ ಸರಿ ಮಾಡಿಸುವ ಅವಳಿಗೆ ಅಪ್ಪನ ಒಂದು ಬೆರಳು ಮಡಚಿಸಲು ಆಗುತ್ತಿರಲಿಲ್ಲ.

ಅಪ್ಪನ ನೆಚ್ಚಿನವನು ಹಸಿರು ಬೈಕಿನ ನಲವತ್ತೊಂದನೇ ನಂಬರಿನವನು. ಎಲ್ಲರಿಗಿಂತ ಹಿರಿಯ, ಒಮ್ಮೆಯೂ ಚಾಂಪಿಯನ್ ಆಗದವನು. "ನಮ್ಮ ಮುದುಕ" ಎಂದೇ ಅಪ್ಪ ಅವನನ್ನು ಕರೆಯುತ್ತಿದ್ದರು, ಮಾತಿದ್ದಾಗ. ಈ ವರ್ಷ ಆ ಮುದುಕ ಕೆಂಪು ಬೈಕಿನ ಎಳೆಯನಿಗಿಂತ ಸ್ವಲ್ಪವೇ ಪಾಯಿಂಟು ಮುಂದಿದ್ದ!

ಮೂರರಲ್ಲಿ ಮೊದಲನೆಯದು, ಆಸ್ಟ್ರೇಲಿಯಾದ ರೇಸು, ನಮ್ಮಲ್ಲಿ ಬೆಳಗಿನ ಹೊತ್ತಿಗೆ. ಬೈಕುಗಳು ಹೊರಡುವಷ್ಟರಲ್ಲಿ ಬಾಗಿಲಲ್ಲಿ ಅಂಬಾದಾಸ.

"ಸಿಗ್ನಲ್ ಚೊಲೋ ಬರಾಕತ್ತೈತೋ ಇಲ್ಲೋ ನೋಡಾಕ ಬಂದೆ..."

ಸುಳ್ಳು ಎಂದು ಅವಳಿಗೆ ತಿಳಿಯಿತು. ಯಾಕೋ ಸಿಟ್ಟು ಬರಲಿಲ್ಲ.

ಅವನಿಗೆ ರೇಸಿನ ಗಂಧಗಾಳಿಯೂ ಇರಲಿಲ್ಲ. ಆದರೆ ಅವನು ಕೇಳಿದ್ದು ಅವಳನ್ನಲ್ಲ, ಅಪ್ಪನನ್ನು!

"ಕಾಕಾ, ಇವ್ರು ತಿರುವಿನ್ಯಾಗ ನೆಲಕ್ಕ ಮೊಣಕಾಲು ಯಾಕ ಹಚ್ತಾರ್ರಿ? ಬೀಳೂದಿಲ್ಲೇನು?"

ಕೇಳಿ ಸುಮ್ಮನೆ ಕಾದ. ಬಂದ ನೆಂಟರೆಲ್ಲ ಅಪ್ಪನ ತಲೆಯ ಮೇಲಿಂದ ಅವ್ವನ ಜೊತೆ ಮಾತಾಡಿ ಹೋಗುತ್ತಿದ್ದರು. ಉತ್ತರಕ್ಕಾಗಿ ಕಾದವರು ಒಬ್ಬರೂ ಇರಲಿಲ್ಲ. ಅಪ್ಪ ಎಡಗೈಯನ್ನು ನಿಧಾನಕ್ಕೆ ಎತ್ತಿ, ಅಂಗೈಯನ್ನು ಒಂದು ಕಡೆ ವಾಲಿಸಿ ತೋರಿಸಿದರು.

"ಓಹೋ... ವಾಲಿದ್ರs ನಿಲ್ತೈತಿ ಅಂತೀರಿ!"

ಅಪ್ಪನ ಅರ್ಧ ಮುಖ ನಕ್ಕಿತು.

ಶಿವಗಂಗಾ ಎದ್ದು ಅಡುಗೆಮನೆಗೆ ಹೋದಳು. ನೀರು ಕುಡಿಯುವ ನೆಪದಲ್ಲಿ ಕಣ್ಣು ಒರೆಸಿಕೊಂಡಳು. ಯಾರಿವನು? ಯಾಕೆ ಹೀಗೆ ನನ್ನ ಎದೆಯೊಳಗೆ ಬಂದು ಕೂರುತ್ತಿದ್ದಾನೆ?

ಮುದುಕ ಅಂದು ಎಳೆಯನ ಹಿಂದೆ ಎರಡನೆಯವನಾಗಿ ಬಂದ. ಪಾಯಿಂಟಿನ ಅಂತರ ಸ್ವಲ್ಪ ಕುಗ್ಗಿತು, ಆದರೂ ಅವನೇ ಮುಂದಿದ್ದ.

ಆಮೇಲೆ ಸಂಜೆಗಳಲ್ಲಿ ಅಂಬಾದಾಸನಿಗೆ ಆ ಬೀದಿಯಲ್ಲೇ ಕೆಲಸ ಸಿಗತೊಡಗಿತು. ಕಂಪನಿಯ ಕ್ಯಾಬ್ ಇಳಿಯುವಾಗ ಅವಳ ಕಣ್ಣು ತಾನಾಗಿ ಅವನು ವೈರು ಎಳೆಯುವ ಮಾಳಿಗೆಗಳ ಮೇಲೆ ಹೋಗುತ್ತಿತ್ತು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವನು "ಕಾಕಾ ಉಂಡ್ರೇನ್ರಿ?" ಎನ್ನುತ್ತಿದ್ದ. ಅವಳು "ಉಂಡ್ರು" ಎನ್ನುತ್ತಿದ್ದಳು. ಅಷ್ಟಕ್ಕೇ ಅವಳಿಗೆ ನಿದ್ದೆ ಹಾರುತ್ತಿತ್ತು.

ಎರಡನೇ ರೇಸಿನ ಹಿಂದಿನ ಸಂಜೆ ಅವ್ವ ಬಸಲಿಂಗಮ್ಮ ಅವನಿಗೆ ಚಹಾ ಕೊಡುತ್ತ ಸಹಜವಾಗಿ ಅಂದುಬಿಟ್ಟಳು. "ನಮ್ಮ ಗಂಗಾಗ ಒಂದು ಹುಡುಗನ್ನ ನೋಡೀವಪ್ಪ. ಗಚ್ಚಿಬೌಲಿಯೊಳಗ ಇಂಜಿನಿಯರ್ ಅದಾನ. ದೀಪಾವಳಿ ಆದ ಮ್ಯಾಲ ಮಾತುಕತಿ."

ಶಿವಗಂಗಾ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಅವ್ವಾ... ಈಗಲೇ ಹೇಳಬೇಕಿತ್ತೇ!

ಅಂಬಾದಾಸ ಅರ್ಧ ಚಹಾ ಕೆಳಗಿಟ್ಟ.

"ಚೊಲೋ ಆತ್ರಿ ಅವ್ವಾರ. ಭಾಳ ಚೊಲೋ ಆತು."

ಅವಳ ಮುಖವನ್ನೂ ನೋಡದೆ ಹೊರಟುಹೋದ. ಕೂಗಿ ನಿಲ್ಲಿಸಬೇಕೆನಿಸಿತು. ಏನೆಂದು ಕೂಗುವುದು? ಯಾವ ಹಕ್ಕಿನಿಂದ?

ಮಲೇಷ್ಯಾದ ರೇಸು ಭಾನುವಾರ ಮಧ್ಯಾಹ್ನ. ಅಂಬಾದಾಸ ಬರಲಿಲ್ಲ. ಉಪ್ಪಲ್‌ನಲ್ಲಿ ಮಳೆ ಹಿಡಿದಿತ್ತು. ಮುದುಕ ಮೂರನೆಯವನಾಗಿ ಓಡುತ್ತಿದ್ದ, ಮುಂದಿದ್ದ ಕೆಂಪು ಬೈಕಿನ ಬೆನ್ನು ಹತ್ತಿದ್ದ. ಅಪ್ಪ ಕುರ್ಚಿಯ ಅಂಚಿಗೆ ಜಾರಿ ಬಂದಿದ್ದರು...

ಟಿ.ವಿ. ಕಪ್ಪಾಯಿತು.

ಅಪ್ಪ ಎಡಗೈಯಿಂದ ಪರದೆಯ ಕಡೆ ತೋರಿಸಿ ಒರಲತೊಡಗಿದರು. ಅಕ್ಷರವಿಲ್ಲದ, ಅರ್ಥವಿಲ್ಲದ ಸದ್ದು. ಅವಳು ವೈರು ಅಲ್ಲಾಡಿಸಿದಳು, ಟಿ.ವಿ. ಬಡಿದಳು, ಅಪ್ಪನನ್ನು ತಬ್ಬಿದಳು. ಯಾವುದಕ್ಕೂ ಆ ಸದ್ದು ನಿಲ್ಲಲಿಲ್ಲ.

ಅಂಬಾದಾಸನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಬಹಳ ಹೊತ್ತಿನ ಮೇಲೆ ಯಾರೋ ಎತ್ತಿದರು. ಮಾತಿಲ್ಲ. ಉಸಿರು ಮಾತ್ರ.

"ಸಿಟ್ಟು ತೀರಿಸ್ಕೊಂಡ್ಯೇನು?" ಅಳುವಿನಲ್ಲೂ ಅವಳ ದನಿ ಚೂರಿಯಾಗಿತ್ತು. "ನನ್ನ ಮ್ಯಾಲಿನ ಸಿಟ್ಟು ಮಾತು ಬರದ ಮನಶ್ಯಾನ ಮ್ಯಾಲೆ ತೀರಿಸ್ಕೋತಿಯಲ್ಲಾ... ಥೂ! ನಮ್ಮ ಮನಿ ಕಡೆ ಮತ್ತ ಕಾಲಿಡಬ್ಯಾಡ!"

ಆ ಕಡೆಯಿಂದ ಫೋನು ಕಟ್ಟಾಯಿತು.

ವಾರದ ನಡುವೆ ಚಾನೆಲ್ ತಾನಾಗಿ ಮರಳಿತು. ಕಂಬದ ಬಳಿ ತಾಯಪ್ಪ ನಿಂತಿದ್ದ, ಕೇಬಲ್ ಆಫೀಸಿನಲ್ಲೇ ಕೆಲಸ ಮಾಡುವ ನಡುವಯಸ್ಸಿನವನು.

"ನಿಮ್ಮ ಸಾಹೇಬ್ರಿಗೆ ಈಗ ನೆಪ್ಪಾತೇನು?" ಶಿವಗಂಗಾ ಚುಚ್ಚಿದಳು.

ತಾಯಪ್ಪ ಅವಳನ್ನೇ ನೋಡಿದ.

"ಅಕ್ಕೋರ... ನಿಮಗ ಗೊತ್ತಿಲ್ಲೇನು? ಐತವಾರ ಲಾರಿಯೊಂದು ನಮ್ಮ ಮೇನ್ ವೈರ್ ಹರಕೊಂಡು ಹೋತು. ಮಳಿ ಭಾಳ ಐತಿ, ನಿಂತ ಮ್ಯಾಲೆ ಮಾಡೂಣು ಅಂತ ನಾ ಬಡಕೊಂಡೆ. 'ಕಾಕಾನ ರೇಸ್ ನಡದೈತಿ' ಅಂತ ಅಂಬಾದಾಸ ಮಾಳಗಿ ಹತ್ತಿದ. ಕಾಲು ಜಾರಿ ಬಿದ್ದ. ದವಾಖಾನಿಗೆ ಒಯ್ಯೂ ಆಟೋದಾಗ ನನ್ನ ತೊಡಿ ಮ್ಯಾಲೆ ಮಲಗಿದ್ದಾಗ ಫೋನ್ ಬಂತು. ಕಿವಿಗೆ ನಾನs ಹಿಡದಿದ್ದೆ."

"ಮತ್ತ... ಮತ್ತ ಯಾಕ ಏನೂ ಅನಲಿಲ್ಲ ಅಂವ?"

"ನಾನೂ ಕೇಳಿದೆ. 'ಅಕಿ ಅಳಾಕತ್ತಾಳ, ಈಗ ಇದೂ ಹೇಳಿ ಇನ್ನಷ್ಟು ಅಳಸಲೇನು?' ಅಂದ."

ಶಿವಗಂಗಾ ರಸ್ತೆಯಲ್ಲೇ ಮುಖ ಮುಚ್ಚಿಕೊಂಡು ನಿಂತಳು. ಆಡಿದ ಮಾತನ್ನು ಯಾವ ಕೈಯಿಂದ ಹಿಂದಕ್ಕೆ ಎಳೆದುಕೊಳ್ಳುವುದು?

ಎಷ್ಟು ಸಲ ಫೋನು ಮಾಡಿದರೂ ಅಂಬಾದಾಸ ಎತ್ತಲಿಲ್ಲ. ಆಸ್ಪತ್ರೆಯಿಂದ ಕೋಣೆಗೆ ಬಂದಿದ್ದಾನೆ, ಕಾಲು ಮೊದಲಿನಂತೆ ಆಗುವುದು ಅನುಮಾನ ಎಂದು ತಾಯಪ್ಪನಿಂದ ತಿಳಿಯಿತು. "ನೀವು ಬರೂದು ಬ್ಯಾಡಂತ, ಅಕ್ಕೋರ" ಎಂದೂ ಹೇಳಿ ಕಳಿಸಿದ್ದ.

ಕೊನೆಯ ರೇಸು ಸ್ಪೇನಿನಲ್ಲಿ, ನಮ್ಮ ಸಂಜೆಗೆ. ಮುದುಕ ಎಳೆಯನಿಗಿಂತ ಇನ್ನೂ ಕೂದಲೆಳೆಯಷ್ಟು ಮುಂದಿದ್ದ. ಶಿವಗಂಗಾ ಮುಂಚೆಯೇ ಟಿ.ವಿ. ಹಚ್ಚಿ ಅಪ್ಪನ ಕುರ್ಚಿ ಎಳೆದಳು. ಅಂಬಾದಾಸ ಬಿದ್ದ ಕಥೆಯನ್ನು ಅಪ್ಪನ ಮುಂದೆ ಅತ್ತು ಹೇಳಿಕೊಂಡಿದ್ದಳು. ಅಪ್ಪ ಟಿ.ವಿ. ನೋಡಲಿಲ್ಲ. ಗೂಟದ ಮೇಲಿದ್ದ ತಮ್ಮ ಅಂಗಿಯ ಕಡೆ ಕೈ ತೋರಿಸಿದರು. ಆಮೇಲೆ ಬಾಗಿಲ ಕಡೆ.

"ಅಂಬಾದಾಸನ ಕಡೆ ಹೋಗೂಣೇನಪ್ಪ?"

ಎಡಗೈ ಇನ್ನೊಮ್ಮೆ ಬಾಗಿಲು ತೋರಿಸಿತು.

"ಈ ಸ್ಥಿತಿಯೊಳಗ ಎಲ್ಲಿಗಿ? ಮಂದಿ ಏನಂದಾರು?" ಬಸಲಿಂಗಮ್ಮ ಅಡ್ಡ ಬಂದಳು.

"ಅವ್ವಾ, ಆ ಗಚ್ಚಿಬೌಲಿಯವ್ರಿಗೆ ಬ್ಯಾಡಂತ ಹೇಳಿಬಿಡು. ನನಗ ಆಗೂದಿಲ್ಲ. ನನ್ನ ಮನಸ್ಸು ನನ್ನ ಮಾತು ಕೇಳವಲ್ದು..."

ಅವ್ವ ಗೂಟದಿಂದ ಅಂಗಿ ತೆಗೆದು ಗಂಡನಿಗೆ ತೊಡಿಸಿ ಗುಂಡಿ ಹಾಕತೊಡಗಿದಳು.

ಒಂದೇ ಕೋಣೆಯ ಮನೆ, ಮೂಲೆಯಲ್ಲಿ ಸಣ್ಣ ಟಿ.ವಿ. ಮಂಚದ ಮೇಲೆ ಅಂಬಾದಾಸ, ತೊಡೆಯವರೆಗೂ ಪ್ಲಾಸ್ಟರ್. ತಾಯಪ್ಪನೂ ಆಟೋದವನೂ ಹಣಮಂತರಾಯರನ್ನು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದಾಗ ಅವನು ಏಳಲು ಹೋಗಿ ನೋವಿಗೆ ಹಲ್ಲು ಕಚ್ಚಿದ.

"ಕಾಕಾನ್ನ ಯಾಕ ತಂದ್ರಿ ಇಲ್ಲಿ, ಮೇಡಂ?"

"ಅಂವನs ನನ್ನ ಕರಕೊಂಡು ಬಂದಾನ."

ಆಡಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ! ರೇಸು ಸುರುವಾಯಿತು. ಮುದುಕ ಕೆಂಪು ಬೈಕಿಗಿಂತ ಮುಂದೆ ಮುಗಿಸಿದರೆ ಸಾಕಿತ್ತು, ರೇಸು ಗೆಲ್ಲಬೇಕೆಂದೂ ಇರಲಿಲ್ಲ. ಸುತ್ತು ಮೇಲೆ ಸುತ್ತು. ಇನ್ನು ಕೆಲವೇ ಸುತ್ತು...

ಒಂದು ತಿರುವಿನಲ್ಲಿ ಹಸಿರು ಬೈಕಿನ ಮುಂದಿನ ಗಾಲಿ ಜಾರಿತು.

"ಅಯ್ಯೋ!" ಅಂಬಾದಾಸ ಚೀರಿದ.

ಬೈಕು ಮರಳಿನಲ್ಲಿ ಉಜ್ಜಿಕೊಂಡು ಹೋಗಿ ನಿಂತಿತು. ಮುದುಕ ಎದ್ದ, ತೂರಾಡಿದ, ಬೈಕನ್ನು ಎತ್ತಿ ನೂಕಿ ಹತ್ತಿದ. ಅಷ್ಟರಲ್ಲಿ ಎಲ್ಲರೂ ದಾಟಿ ಹೋಗಿದ್ದರು. ಕೆಂಪು ಬೈಕಿನ ಹುಡುಗ ಚಾಂಪಿಯನ್ ಆಗಿ ಕೈ ಬೀಸುವಾಗ ಮುರಿದ ಹ್ಯಾಂಡಲ್ ಹಿಡಿದು ಮುದುಕ ಇನ್ನೂ ಓಡಿಸುತ್ತಲೇ ಇದ್ದ.

ಹಣಮಂತರಾಯರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಮಗಳು ಸೆರಗಿನಿಂದ ಒರೆಸಿದಳು. ಮತ್ತೆ ಇಳಿಯಿತು. ಮತ್ತೆ ಒರೆಸಿದಳು.

"ನೋಡ್ಕೋತ ಕುಂದ್ರೂದು ಬಿಟ್ರ ನಮ್ಮ ಕೈಲೆ ಏನೂ ಆಗಲಿಲ್ಲಲ್ರಿ..." ಅಂಬಾದಾಸನ ದನಿ ಒಡೆದಿತ್ತು.

"ನನ್ನ ಕೈಲೆ ಒಂದು ಆಗ್ತೈತಿ." ಶಿವಗಂಗಾ ಮಂಚದ ಹತ್ತಿರ ಬಂದಳು. "ತಪ್ಪಾತು ಅನ್ನಾಕ ಆಗ್ತೈತಿ. ಅವತ್ತು ಬಾಯಿಗಿ ಬಂದದ್ದು ಅಂದೆ... ನೀವು ಬಿದ್ದು ನರಳಾಕತ್ತಿದ್ರಿ, ನಾ ಥೂ ಅಂದೆ!"

"ಬಿಡ್ರಿ ಮೇಡಂ. ಗಚ್ಚಿಬೌಲಿಯವರ ಜೋಡಿ ಸುಖದಿಂದ..."

"ಅವ್ರಿಗೆ ಬ್ಯಾಡ ಅಂದೀನಿ!"

ಅಂಬಾದಾಸ ಮುಖ ಗೋಡೆಗೆ ತಿರುಗಿಸಿದ.

"ಹಂಗ ಮಾಡಬ್ಯಾಡ್ರಿ. ನೀವು ಓದಿದವ್ರು. ನಾ ವೈರ್ ಹೊತ್ಕೊಂಡು ಮಾಳಗಿ ಹತ್ತಾಂವ. ಇನ್ನ ಮ್ಯಾಲ ಅದೂ ಆಗ್ತೈತೋ ಇಲ್ಲೋ... ಕುಂಟನ್ನ ಕಟ್ಕೊಂಡು ಏನ್ ಮಾಡ್ತೀರಿ? ಮನ್ಯಾಗ ಒಬ್ರನ್ನ ನೋಡ್ಕೊಳ್ಳೂದು ಸಾಲದೇನು?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಾಲು ಗುಣವಾಗುತ್ತದೆ ಎಂದು ಮಾತು ಕೊಡಲು ಅವಳು ಯಾರು?

ಆಗ ಹಣಮಂತರಾಯರು ಮುಂದಕ್ಕೆ ವಾಲಿದರು. ಅಂಬಾದಾಸನ ಪಾದದ ಮೇಲಿಂದ ಜಾರಿದ್ದ ಚಾದರವನ್ನು ಎಡಗೈಯಿಂದ ಹಿಡಿದು ಮೆಲ್ಲಗೆ ಎಳೆದರು. ಅರ್ಧಕ್ಕೆ ನಿಂತಿತು. ಮತ್ತೆ ಎಳೆದರು. ಪಾದ ಪೂರ್ತಿ ಮುಚ್ಚುವವರೆಗೂ ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ತಾಯಪ್ಪ ಮುಖ ಆಚೆ ತಿರುಗಿಸಿದ.

ಅಂಬಾದಾಸ ಅಳತೊಡಗಿದ.

"ನೋಡ್ರಿ," ಶಿವಗಂಗಾ ಅವನ ಕೈ ಹಿಡಿದಳು. "ಏನ್ ಮಾಡ್ತೀರಿ ಅಂದ್ರ ನನಗೂ ಗೊತ್ತಿಲ್ಲ. ನಿಮ್ಮನ್ನ ಬಿಟ್ಟಿರಾಕ ಬರೂದಿಲ್ಲ, ಅಷ್ಟs ಗೊತ್ತೈತಿ."

"ನನಗ ಅವತ್ತs ಗೊತ್ತಾಗಿತ್ತು... ಕಲ್ಲು ಅಂತ ಬೈದ್ರಲ್ಲ, ಅವತ್ತs. ಹೇಳಾಕ ಬಾಯಿ ಬರಲಿಲ್ಲ, ಗಂಗಾ."

ಹೊರಗೆ ಉಪ್ಪಲ್ ರಸ್ತೆಯ ಬಸ್ಸುಗಳು ಹೋಗುತ್ತಿದ್ದವು. ಟಿ.ವಿ.ಯಲ್ಲಿ ಯಾವುದೋ ಜಾಹೀರಾತು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

"ಮುಂದಿನ ರೇಸ್ ಯಾವಾಗ?" ಅವನು ಕೇಳಿದ.

"ಇನ್ನೇನಿದ್ರೂ ಬ್ಯಾಸಗಿಗೇ."

"ಅಲ್ಲೀತನಕ ಐತವಾರ ಏನ್ ಮಾಡೂಣು?"

"ನನ್ನ ಹೆಗಲು ಹಿಡಕೊಂಡು ಬಾಗಲತನಾ ನಡದು ನೋಡೂಣು," ಎಂದಳು ಶಿವಗಂಗಾ. "ಆಗಲಿಲ್ಲಂದ್ರ... ಇಲ್ಲೇ ಕುಂತು ಮಾತಾಡೂಣು."