ದೂರಿಲ್ಲವೆಂಬ ಕಾಗದ

ಮೊದಲ ದಿನ ಜಿಸ್ಮಿ ಅವನನ್ನು ಎಲೆಕ್ಟ್ರಿಷಿಯನ್ ಅಂದುಕೊಂಡಳು.

ತಪ್ಪು ಅವಳದ್ದಲ್ಲ. ಕೇರಳದ ತೊಡುಪುಳದ ಮಿಷನ್ ಆಸ್ಪತ್ರೆಯ ಕ್ಯಾಶುವಲ್ಟಿಗೆ ಅವಳು ಹೊಸ ಡ್ಯೂಟಿ ಡಾಕ್ಟರಾಗಿ ಕಾಲಿಟ್ಟಾಗ ಒಬ್ಬ ಉದ್ದನೆಯ ಮನುಷ್ಯ ನೆಲದ ಮೇಲೆ ಕೂತು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು, ಇ.ಸಿ.ಜಿ. ಯಂತ್ರದ ಪ್ಲಗ್ ಬಿಚ್ಚುತ್ತಿದ್ದ.

"ಚೇಟ್ಟಾ, ಅದಾದ ಮೇಲೆ ಈ ಫ್ಯಾನನ್ನೂ ಸ್ವಲ್ಪ ನೋಡಿ. ಸುಮ್ಮನೆ ಶಬ್ದ ಮಾಡ್ತಿದೆ," ಅಂದಳು.

ಅವನು ತಲೆಯೆತ್ತಿ ನೋಡಿದ. ಮೊದಲು ಅವಳ ಹೊಸ ಚಪ್ಪಲಿ, ಆಮೇಲೆ ಇಸ್ತ್ರಿಯ ಗೆರೆ ಮಾಸದ ಬಿಳಿ ಕೋಟು, ಕೊನೆಗೆ ಕಣ್ಣು. ಸ್ಟೂಲ್ ಎಳೆದು ಫ್ಯಾನೂ ಸರಿಮಾಡಿದ. ಅಷ್ಟರಲ್ಲಿ ನರ್ಸ್ ಓಡಿಬಂದು, "ಟೋಬಿನ್ ಡಾಕ್ಟ್ರೇ, ಆಸ್ತಮಾ ಕೇಸು ಬಂತು," ಅಂದಳು.

ಜಿಸ್ಮಿಗೆ ನೆಲ ಬಿರಿದು ಒಳಗೆ ಹೋಗೋಣ ಅನ್ನಿಸಿತು.

"ಫ್ಯಾನಿನ ಬಿಲ್ಲು ಆಮೇಲೆ ಕಳಿಸ್ತೀನಿ," ಅಂದ ಅವನು ಕೈ ತೊಳೆಯುತ್ತ. ತುಟಿ ನಗಲಿಲ್ಲ, ಕಿವಿಯ ತುದಿ ಮಾತ್ರ ಕೆಂಪಾಗಿತ್ತು.

ಮೂರೇ ವಾರದಲ್ಲಿ ಅವಳು ಅವನನ್ನು ಇಚ್ಚಾಯ ಅನ್ನತೊಡಗಿದಳು, ಅಲ್ಲಿನ ಕ್ರಿಶ್ಚಿಯನ್ ಮನೆಗಳಲ್ಲಿ ಅಣ್ಣನನ್ನೂ ಗಂಡನನ್ನೂ ಕರೆಯುವ ಹಾಗೆ. ಮೊದಮೊದಲು ಗೇಲಿಗೆ, ಆಮೇಲೆ ನಿಜಕ್ಕೇ.

ಇಬ್ಬರಿಗೂ ಒಂದೇ ಗುರಿ, ಬ್ರಿಟನ್. ಪಿ.ಜಿ. ಸೀಟಿಗೆಂದು ಅವಳು ಎರಡು ಸಲ, ಅವನು ಮೂರು ಸಲ ಬರೆದು ಸೋತಿದ್ದರು. ಇಲ್ಲಿ ಡ್ಯೂಟಿ ಡಾಕ್ಟರಾಗಿಯೇ ಕೂದಲು ನೆರೆಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಬ್ರಿಟನ್ನಿನಲ್ಲಿ ಡಾಕ್ಟರಾಗಲು ಬೇಕಾದ ಪ್ಲ್ಯಾಬ್ ಪರೀಕ್ಷೆಗೆ ಎರಡು ಭಾಗ. ಮೊದಲನೆಯದನ್ನು ಕೊಚ್ಚಿಯಲ್ಲಿ ಕೂತು ಬರೆಯಬೇಕು. ಎರಡನೆಯದಕ್ಕೆ ಮ್ಯಾಂಚೆಸ್ಟರ್‌ಗೇ ಹೋಗಿ, ರೋಗಿಯಂತೆ ನಟಿಸುವವರ ಎದುರು ಡಾಕ್ಟರಾಗಬೇಕು. ಅದರ ಅಭ್ಯಾಸ ಕ್ಯಾಂಟೀನಿನ ಹಿಂದಿನ ಬೆಂಚಿನ ಮೇಲೆ, ಹಾಲಿಲ್ಲದ ಕಟ್ಟನ್ ಚಹಾ ಆರುವವರೆಗೆ ನಡೆಯುತ್ತಿತ್ತು.

"ನಮಸ್ಕಾರ, ನಾನು ಡಾಕ್ಟರ್ ಟೋಬಿನ್. ಏನು ತೊಂದರೆ ಹೇಳಿ."

"ಎದೆಯಲ್ಲಿ ಏನೋ ಆಗ್ತಿದೆ ಡಾಕ್ಟ್ರೇ."

"ಯಾವಾಗಿಂದ?"

"ನೀವು ಬಂದು ಎದುರು ಕೂತಾಗಿಂದ."

"ಇದು ಸಿಲೆಬಸ್‌ನಲ್ಲಿಲ್ಲ."

"ಇದ್ದಿದ್ದರೆ ನೀವು ಫೇಲು. ನೋವು ಹತ್ತರಲ್ಲಿ ಎಷ್ಟು ಅಂತ ಕೇಳಲೇ ಇಲ್ಲ."

"ಸರಿ, ಎಷ್ಟು?"

"ಏಳೂವರೆ. ಪೊರೊಟ್ಟ, ಬೀಫ್ ಕೊಡಿಸಿದರೆ ಒಂಬತ್ತು."

ಅವನು ಪೊರೊಟ್ಟ ಕೊಡಿಸಿದ. ಅವಳ ತಟ್ಟೆಯಿಂದ ಈರುಳ್ಳಿ ಮಾತ್ರ ಆರಿಸಿ ತಿಂದ, ಹತ್ತು ವರ್ಷದಿಂದ ಅದೇ ಕೆಲಸ ಮಾಡಿಕೊಂಡು ಬಂದವನ ಹಾಗೆ.

ಆಸ್ಪತ್ರೆಯ ಆಡಳಿತ ನೋಡುತ್ತಿದ್ದ ಸಿಸ್ಟರ್ ಗ್ರೇಸ್ಲಿಟ್‌ಗೆ ಒಂದು ಥರದವರನ್ನು ಕಂಡರಾಗದು. ಇಲ್ಲಿ ಸಂಬಳ ತೆಗೆದುಕೊಂಡು ಹೊರದೇಶದ ಪರೀಕ್ಷೆಗೆ ಓದುವವರು. ಹಾಗೆ ಓದುವವರೆಂದು ಗೊತ್ತಾದರೆ ರಜೆ ಸಿಗುತ್ತಿರಲಿಲ್ಲ. ಅದಕ್ಕೇ ಡ್ಯೂಟಿ ಡಾಕ್ಟರುಗಳು ಒಂದು ದಾರಿ ಮಾಡಿಕೊಂಡಿದ್ದರು. ಹೆಸರು, ನೋಂದಣಿ ಸಂಖ್ಯೆ ಇರುವ ಅವರವರ ರಬ್ಬರ್ ಸೀಲು ಕ್ಯಾಶುವಲ್ಟಿಯ ಡ್ರಾಯರಿನಲ್ಲೇ ಇರುತ್ತಿತ್ತು. ಒಬ್ಬರು ಪರೀಕ್ಷೆಗೆ ಹೋದರೆ ಇನ್ನೊಬ್ಬರು ಅವರ ಪಾಳಿಯಲ್ಲಿ ನಿಂತು, ಚೀಟಿಗಳ ಮೇಲೆ ಹೋದವರ ಸೀಲು ಒತ್ತುವುದು. ಎಲ್ಲರೂ ಮಾಡುತ್ತಿದ್ದರು. ಯಾರೂ ಅದನ್ನು ಸುಳ್ಳು ಅಂದುಕೊಂಡಿರಲಿಲ್ಲ.

ಆಗಸ್ಟಿನ ಒಂದು ಗುರುವಾರ ಜಿಸ್ಮಿ ಕೊಚ್ಚಿಗೆ ಹೋದಳು. ಬೆಳಗ್ಗೆ ಎಂಟರಿಂದ ಎರಡರವರೆಗಿನ ಅವಳ ಪಾಳಿಗೆ ಟೋಬಿನ್ ನಿಂತ.

ಅವಳು ಪಾಸಾದಳು. ಅವನ ಮೊದಲ ಭಾಗ ಹಿಂದೆಯೇ ಮುಗಿದಿತ್ತು. ಚಳಿಗಾಲದಲ್ಲಿ ಇಬ್ಬರೂ ಒಂದು ತಿಂಗಳ ಅಂತರದಲ್ಲಿ ಮ್ಯಾಂಚೆಸ್ಟರ್‌ಗೆ ಹೋಗಿ ಬಂದರು, ಇಬ್ಬರೂ ಗೆದ್ದರು. ಫೆಬ್ರವರಿಯ ಹೊತ್ತಿಗೆ ಇಂಗ್ಲೆಂಡಿನ ಉತ್ತರದಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿತು, ಬೇರೆ ಬೇರೆ ಊರಲ್ಲಿ.

"ಬಸ್ಸಿನಲ್ಲಿ ಐವತ್ತೈದು ನಿಮಿಷ," ಅಂದ ಟೋಬಿನ್, ಮೊಬೈಲಿನ ನಕ್ಷೆ ಅವಳ ಮುಖಕ್ಕೇ ಹಿಡಿದು. "ಒಂದು ವರ್ಷ ಬಸ್ಸು. ಆಮೇಲೆ ಒಂದೇ ಮನೆ."

"ಯಾವ ಲೆಕ್ಕದಲ್ಲಿ ಒಂದೇ ಮನೆ?"

"ಚರ್ಚಿನಲ್ಲಿ ಪಾದ್ರಿ ಮದುವೆಯೆಂದು ಓದಿ ಹೇಳುವ ಲೆಕ್ಕದಲ್ಲಿ."

ಅವಳು ನಕ್ಷೆಯನ್ನು ನೋಡಲಿಲ್ಲ. ಅದನ್ನು ಹಿಡಿದಿದ್ದ ಹೆಬ್ಬೆರಳನ್ನು ನೋಡಿದಳು. ಉಗುರಿನಲ್ಲಿ ಸೀಲಿನ ನೇರಳೆ ಶಾಯಿ ಅಂಟಿತ್ತು. ಅಂಥ ಬೆರಳಿಗೆ ಮುತ್ತು ಕೊಡಬೇಕೆನ್ನಿಸುವುದು ತನಗೊಬ್ಬಳಿಗೇ ಇರಬೇಕು ಅಂದುಕೊಂಡಳು.

ಬಾಕಿ ಇದ್ದದ್ದು ಒಂದೇ ಕಾಗದ. ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್. ಈ ಡಾಕ್ಟರ ಮೇಲೆ ಯಾವ ದೂರೂ ಇಲ್ಲ ಎಂದು ತಿರುವನಂತಪುರದ ಮೆಡಿಕಲ್ ಕೌನ್ಸಿಲ್ ಬರೆದುಕೊಡುವ ಒಂದು ಹಾಳೆ. ಮೂರು ತಿಂಗಳಿಗೆ ಹಳಸುತ್ತದೆ. ಆದ್ದರಿಂದ ಉಳಿದದ್ದೆಲ್ಲ ಕೂಡಿಬಂದ ಮೇಲೆ, ಮಾರ್ಚಿನಲ್ಲಿ ಇಬ್ಬರೂ ಒಟ್ಟಿಗೆ ಹೋಗಿ ಅರ್ಜಿ ಹಾಕುವುದೆಂದು ಮಾತಾಗಿತ್ತು.

ಅದಕ್ಕೂ ಮೊದಲೇ ಒಂದು ಶನಿವಾರ ದೂರು ಬಂತು.

ಪೌಲೋಸ್ ಎಂಬ ರಬ್ಬರ್ ಟ್ಯಾಪಿಂಗ್ ಮಾಡುವವನು ಆಗಸ್ಟಿನ ಆ ಗುರುವಾರ ಎದೆನೋವೆಂದು ಬಂದು, ಮನೆಗೆ ಮರಳಿ, ಸಂಜೆಯೊಳಗೆ ತೀರಿಕೊಂಡಿದ್ದ. ಕುವೈತಿನಲ್ಲಿ ನರ್ಸಾಗಿದ್ದ ಮಗಳು ಆಸ್ಪತ್ರೆಯ ಚೀಟಿ ತರಿಸಿಕೊಂಡು ಕೌನ್ಸಿಲ್‌ಗೆ ಬರೆದಿದ್ದಳು. ಅಪ್ಪನನ್ನು ಸುಮ್ಮನೆ ಮನೆಗೆ ಕಳಿಸಿದರು ಎಂದು. ಚೀಟಿಯ ಮೇಲಿದ್ದದ್ದು ಜಿಸ್ಮಿಯ ಸೀಲು.

ಮೆಟ್ಟಿಲ ತಿರುವಿನಲ್ಲಿ ನಿಲ್ಲಿಸಿ ಟೋಬಿನ್‌ಗೆ ದೂರಿನ ಕಾಗದ ತೋರಿಸಿದಳು. ಅವನು ಎರಡು ಸಲ ಓದಿದ.

"ನೆನಪಿದೆ," ಅಂದ. "ಇ.ಸಿ.ಜಿ. ಸರಿಯಾಗೇ ಇತ್ತು. ಅಡ್ಮಿಟ್ ಆಗಿ ಅಂದೆ. ಒಪ್ಪಲಿಲ್ಲ."

"ಒಪ್ಪಲಿಲ್ಲ ಅಂತ ಸಹಿ ಹಾಕಿಸಿಕೊಂಡಿರಾ?"

ಇಲ್ಲ ಎಂದು ತಲೆಯಾಡಿಸಿದ. "ಹೊರಗೆ ಅಪಘಾತದ ಕೇಸು ಬಂದಿತ್ತು. ಬಿಟ್ಟುಹೋಯ್ತು." ಆಮೇಲೆ ಅವಳ ಕೈ ಹಿಡಿದುಕೊಂಡ. "ನಾನೇ ಅಂತ ಬರೆದುಕೊಡ್ತೀನಿ. ನೀನೇನೂ ಮಾಡಬೇಡ ಜಿಸ್ಮಿ."

ಅವಳು ಏನೂ ಮಾಡಲಿಲ್ಲ. ಮಾಡಬಹುದಿತ್ತು. ಆ ದಿನ ಕೊಚ್ಚಿಯಲ್ಲಿ ಪರೀಕ್ಷೆ ಬರೆಯುತ್ತಿದ್ದೆನೆಂದು ಸಾಬೀತು ಮಾಡುವ ಹಾಲ್ ಟಿಕೆಟ್ ಬ್ಯಾಗಿನಲ್ಲೇ ಇತ್ತು. ಆದರೆ ಅದನ್ನು ತೆಗೆದರೆ ಮುಂದಿನ ಪ್ರಶ್ನೆ, ಸೀಲು ಒತ್ತಿದ್ದು ಯಾರು ಎಂಬುದು. ಬೇರೆಯವರ ಸೀಲು ಒತ್ತಿದವನಿಗೆ ಆ ಕಾಗದ ಸಿಗುವುದಿಲ್ಲ. ಅವಳ ಮೇಲೆ ದೂರಿರುವವರೆಗೆ ಅವಳಿಗೂ ಸಿಗುವುದಿಲ್ಲ. ಇಬ್ಬರಲ್ಲಿ ಒಬ್ಬರು ಉಳಿಯಲೇಬೇಕು. ನಾನು ಉಳಿಯುತ್ತೇನೆ ಎಂಬುದನ್ನು ಅವನ ಬಾಯಿಂದಲೇ ಕೇಳಬೇಕೆಂದು ಅವಳಿಗೆ ಆಸೆಯಿತ್ತು. ಕೇಳಿದ ಮೇಲೆ, ಬಿಡಿ, ನಾವಿಬ್ಬರೂ ಇಲ್ಲೇ ಇರೋಣ ಅನ್ನುವಷ್ಟು ಹುಚ್ಚೂ ಇತ್ತು.

ಸೋಮವಾರ ಅವನು ಜ್ವರವೆಂದು ಬರಲಿಲ್ಲ. ಮಂಗಳವಾರ, ವಕೀಲನಾಗಿರುವ ಚಿಕ್ಕಪ್ಪನ ಮಗನನ್ನು ಕೇಳಿ ಬರೆಯುತ್ತೇನೆ ಅಂದ. ಶುಕ್ರವಾರ, ಆ ವಕೀಲ ಊರಲ್ಲಿಲ್ಲ ಅಂದ. ಆ ದಿನಗಳಲ್ಲಿ ಅವನಷ್ಟು ಮೃದುವಾಗಿ ಅವಳ ಜೊತೆ ಯಾರೂ ನಡೆದುಕೊಂಡಿರಲಿಲ್ಲ. ದಿನಾ ಬಿಸಿ ಬಿಸಿ ಪಳಂಪೊರಿ ಕಟ್ಟಿಸಿಕೊಂಡು ಬರುತ್ತಿದ್ದ. ಬಾಳೆಹಣ್ಣಿನ ಆ ಕರಿದ ತುಂಡನ್ನು ಅಗಿಯುತ್ತ ಅವಳಿಗೆ ಹೆದರಿಕೆಯಾಗುತ್ತಿತ್ತು.

ಹನ್ನೊಂದನೆಯ ದಿನ, ಬುಧವಾರ, ವಿಚಾರಣೆಯ ತಾರೀಕು ಕೇಳಲು ಅವಳೇ ತಿರುವನಂತಪುರಕ್ಕೆ ಹೋದಳು. ಕೌಂಟರಿನ ಗುಮಾಸ್ತ ಆಸ್ಪತ್ರೆಯ ಹೆಸರು ಓದಿ ಮುಖವರಳಿಸಿದ.

"ಓ, ನಿಮ್ಮಲ್ಲಿಂದ ಇನ್ನೊಬ್ಬರು ಬಂದಿದ್ದರಲ್ಲ. ಉದ್ದಕ್ಕಿದ್ದಾರೆ ನೋಡಿ, ಟೋಬಿನ್ ಡಾಕ್ಟರು. ಗುಡ್ ಸ್ಟ್ಯಾಂಡಿಂಗ್‌ಗೆ ಅರ್ಜಿ ಹಾಕಿ ಹೋದರು."

"ಯಾವಾಗ?"

"ಹೋದ ವಾರ, ಸೋಮವಾರ. ನಾವು ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು. ಬೇಗ ಕಳಿಸಿಕೊಡಿ ಅಂತ ಎಷ್ಟು ಕೇಳಿಕೊಂಡರು, ಪಾಪ."

ಶನಿವಾರ ದೂರು. ಸೋಮವಾರ ಅರ್ಜಿ. ನಡುವೆ ಒಂದೇ ಭಾನುವಾರ. ಆ ಭಾನುವಾರ ಅವನು ಅವಳಿಗೆ ಮೂರು ಸಲ ಫೋನ್ ಮಾಡಿ, ಊಟ ಮಾಡಿದೆಯಾ ಎಂದು ಕೇಳಿದ್ದ.

ಮರುದಿನ ಮಧ್ಯಾಹ್ನ ಕ್ಯಾಂಟೀನಿನ ಹಿಂದೆ ಕೇಳಿದಳು. ಅವನು ಸುಳ್ಳು ಹೇಳಲಿಲ್ಲ.

"ಹೋಗಿದ್ದೆ. ಪೂರ್ತಿ ಕೇಳು. ನನ್ನ ಹೆಸರಲ್ಲಿ ಈಗ ದೂರಿಲ್ಲ. ಆ ಕಾಗದ ಇಂಗ್ಲೆಂಡಿಗೆ ಹೊರಟ ಮರುದಿನವೇ ನಾನು ಒಪ್ಪಿಕೊಳ್ತೀನಿ. ನಿನ್ನ ಮೇಲಿನ ದೂರು ಬಿದ್ದುಹೋಗುತ್ತೆ. ಅಷ್ಟರಲ್ಲಿ ನಾನೂ ಅಲ್ಲಿ ನೋಂದಣಿ ಆಗಿರ್ತೀನಿ. ಇಬ್ಬರೂ ಹೋಗ್ತೀವಿ. ಇದರಲ್ಲಿ ಯಾರಿಗೆ ಏನು ನಷ್ಟ?"

"ನನಗ್ಯಾಕೆ ಹೇಳಲಿಲ್ಲ?"

ಅವನು ಲೋಟದೊಳಗೆ ನೋಡಿದ. "ಹೇಳಿದ್ದರೆ ನೀನು ಬೇಡ ಅಂತಿದ್ದೆ."

"ಅಂತಿರಲಿಲ್ಲ ಇಚ್ಚಾಯಾ. ಅದಕ್ಕೇ ನನಗೆ ಉರಿಯೋದು. ಹೇಳಿದ್ದರೆ ನಾನೂ ಹೂಂ ಅಂತಿದ್ದೆ. ಟಿಕೆಟ್ ನಾನೇ ಬುಕ್ ಮಾಡಿಕೊಡ್ತಿದ್ದೆ. ನಾನೇನು ಸಂತಳಲ್ಲ." ಅವಳು ತನ್ನ ಲೋಟ ಬೆಂಚಿನ ಮೇಲೆ ಇಟ್ಟಳು. "ನಿಮಗೆ ಭಯ ಆಯ್ತು ನೋಡಿ, ಆ ಭಯದಲ್ಲಿ ಮೊದಲು ನೆನಪಾಗಿದ್ದು ನಿಮ್ಮ ಕಾಗದ. ನಾನು ಆಮೇಲೆ ನೆನಪಾದೆ."

"ನಿನಗೋಸ್ಕರವೂ ಮಾಡಿದ್ದು."

"ಗೊತ್ತು. 'ನಿನಗೋಸ್ಕರವೂ'."

ವಿಚಾರಣೆಗೆ ಖಂಡಿತ ಬರುತ್ತೇನೆ ಎಂದು ಅವನು ಅವಳ ತಲೆ ಮುಟ್ಟಿ ಹೇಳಿದ. ಅವಳು ನಂಬಿದಳು. ನಂಬಬೇಕು ಅನ್ನಿಸಿತು, ನಂಬಿದಳು.

ವಿಚಾರಣೆಯ ದಿನ ಅವನ ಬದಲು ಮೆಸೇಜು ಬಂತು. "ಕಾಗದ ಇನ್ನೂ ಹೊರಟಿಲ್ಲ. ಹದಿನೈದು ದಿನ ಟೈಮ್ ಕೇಳು, ಪ್ಲೀಸ್. ಅಷ್ಟು ಸಾಕು ನಮಗೆ."

ಉದ್ದನೆಯ ಮೇಜಿನ ಆಚೆ ಮೂವರು ಹಿರಿಯ ಡಾಕ್ಟರುಗಳು. ಈಚೆ ರಜೆಯ ಮೇಲೆ ಬಂದಿದ್ದ ಮಗಳು, ಪಕ್ಕದಲ್ಲಿ ಪೌಲೋಸನ ಹೆಂಡತಿ, ಊರವರು ಅಕ್ಕ ಎಂಬಂತೆ ಚೇಡತ್ತಿ ಅನ್ನುವ ಏಲಿಕುಟ್ಟಿ. ಮಗಳು ದೂರು ಓದಿ ಮುಗಿಸಿ ಜಿಸ್ಮಿಯ ಕಡೆ ಕೈ ತೋರಿಸಿದಳು. "ಇವರೇ ಆ ಡಾಕ್ಟರ್."

ಚೇಡತ್ತಿ ಕನ್ನಡಕ ಏರಿಸಿ ನೋಡಿದಳು. "ಇವಳಲ್ಲವಲ್ಲೇ. ಅವತ್ತಿದ್ದದ್ದು ಹುಡುಗ."

ಮೂವರಲ್ಲಿ ಅಧ್ಯಕ್ಷರಾಗಿದ್ದವರು ಚೀಟಿಯನ್ನು ಮತ್ತೆ ನೋಡಿ, ಕಾಗದದ ಮೇಲೆ ಕೈಯಿಟ್ಟು ಕೇಳಿದರು. "ಡಾಕ್ಟರ್ ಜಿಸ್ಮಿ, ಇದು ನಿಮ್ಮ ಸೀಲು. ಒತ್ತಿದ್ದು ಯಾರು?"

ನನಗೆ ಸ್ವಲ್ಪ ಸಮಯ ಬೇಕು ಸರ್. ಅಷ್ಟು ಅಂದರೆ ಸಾಕಿತ್ತು. ಅವನು ಪಾರಾಗುತ್ತಿದ್ದ. ಬಹುಶಃ ಆಮೇಲೆ ಅವಳನ್ನೂ ಪಾರು ಮಾಡುತ್ತಿದ್ದ. ಬಸ್ಸಿನಲ್ಲಿ ಐವತ್ತೈದು ನಿಮಿಷ, ಒಂದು ವರ್ಷ, ಆಮೇಲೆ ಒಂದೇ ಮನೆ. ಆ ಮನೆಯಲ್ಲಿ ಪ್ರತಿ ಸಲ ಕಷ್ಟ ಬಂದಾಗ ತಾನು ಬಾಗಿಲ ಕಡೆ ನೋಡುತ್ತ ಕೂತಿರುವುದು ಅವಳಿಗೆ ಕಂಡಿತು. ಹೋದನೇ, ಇದ್ದಾನೆಯೇ ಎಂದು.

"ಡಾಕ್ಟರ್ ಟೋಬಿನ್," ಅಂದಳು. "ಸೀಲು ಕೊಟ್ಟವಳು ನಾನು. ಪರೀಕ್ಷೆಗೆ ಹೋಗಿದ್ದೆ. ತಪ್ಪು ಇಬ್ಬರದ್ದೂ."

ಅಧ್ಯಕ್ಷರು ಚೇಡತ್ತಿಯ ಕಡೆ ತಿರುಗಿದರು. "ಆ ಹುಡುಗ ನಿಮಗೆ ಏನು ಹೇಳಿದ?"

"ಇರಿ ಅಂತಲೇ ಅಂದ, ಪಾಪ. ಎರಡು ಸಲ ಅಂದ. ನಮ್ಮ ಮನೆಯವರೇ ಕೇಳಲಿಲ್ಲ. ಹಸು ಕರೆಯೋರು ಯಾರು ಅಂತ ಎದ್ದುಬಂದರು. ಆ ಹುಡುಗ ಆಟೋದ ತನಕ ಬಂದು ಹೇಳಿದ."

"ಅಮ್ಮಾ!" ಮಗಳು ಬೆಚ್ಚಿದಳು. "ಇದನ್ನ ನನಗ್ಯಾಕೆ ಹೇಳಲಿಲ್ಲ?"

"ನೀನು ಕುವೈತಲ್ಲಿ ಕೂತು ಚೀಟಿ ಓದಿ ಬರೆದೆ. ನನ್ನನ್ನು ಯಾರು ಕೇಳಿದರು?"

ಮಗಳು ಮುಖ ಮುಚ್ಚಿಕೊಂಡು ಅತ್ತಳು. ಜಿಸ್ಮಿ ಅಳಲಿಲ್ಲ. ಆಟೋದ ತನಕ ಹೋಗಿ ಹೇಳಿದವನೇ ಇಲ್ಲಿಯ ತನಕ ಬರಲಿಲ್ಲವಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಚಿಕಿತ್ಸೆಯಲ್ಲಿ ತಪ್ಪಿಲ್ಲವೆಂದು ತೀರ್ಮಾನವಾಯಿತು. ಸೀಲಿನ ವಿಷಯಕ್ಕೆ ಜಿಸ್ಮಿಗೆ ಲಿಖಿತ ಎಚ್ಚರಿಕೆ. ಟೋಬಿನ್‌ಗೆ ಆರು ತಿಂಗಳ ಅಮಾನತು, ಅವನ ಕಾಗದ ಹೊರಡುವ ಮೊದಲೇ ತಡೆ, ಕೆಲಸವೂ ಹೋಯಿತು. ಜಿಸ್ಮಿಯ ಕಾಗದ ಆ ಎಚ್ಚರಿಕೆಯನ್ನೂ ಹೊತ್ತುಕೊಂಡೇ ಹೋಯಿತು. ಇಂಗ್ಲೆಂಡಿನವರು ವಿವರಣೆ ಕೇಳಿ, ಎರಡು ತಿಂಗಳು ಕಾಯಿಸಿ, ಬಾ ಅಂದರು.

ಅವಳ ಕೆಲಸದ ಕೊನೆಯ ದಿನ ಅವನು ಆಸ್ಪತ್ರೆಗೆ ಬಂದ. ಔಷಧಿ ಅಂಗಡಿಯ ಪಕ್ಕದ ಓಣಿಯಲ್ಲಿ ನಿಂತರು. ಗಡ್ಡ ಬಿಟ್ಟಿದ್ದ. ಚೆನ್ನಾಗಿಯೇ ಕಾಣುತ್ತಿದ್ದ, ಅದೇ ಕಷ್ಟ.

"ನಾನೇ ಬಂದು ಹೇಳಿದ್ದರೆ ಆ ಚೇಡತ್ತಿ ನನ್ನ ಪರವಾಗಿಯೇ ಮಾತಾಡ್ತಿದ್ದರು, ಅಲ್ವಾ?"

"ಹೂಂ."

"ಹೆಸರು ಹೇಳುವಾಗ ನಿನಗೆ ಅದು ಗೊತ್ತಿತ್ತಾ?"

"ಇಲ್ಲ. ನಿಮ್ಮನ್ನು ಮುಗಿಸಿಬಿಟ್ಟೆ ಅಂದುಕೊಂಡೇ ಹೇಳಿದೆ."

ಅವನು ತಲೆಯಾಡಿಸಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ನಿನ್ನ ಮೇಲೆ ನನಗೆ ಎಷ್ಟು..." ಎಂದು ಶುರುಮಾಡಿ ನಿಲ್ಲಿಸಿದ. "ಅದು ಸುಳ್ಳಲ್ಲ ಜಿಸ್ಮಿ."

"ನನ್ನದೂ ಸುಳ್ಳಲ್ಲ. ಈಗಲೂ ಅಲ್ಲ."

"ಹಾಗಾದರೆ ಅಮಾನತು ಮುಗಿದ ಮೇಲೆ ಮತ್ತೆ ಅರ್ಜಿ ಹಾಕ್ತೀನಿ. ನಿನ್ನ ಊರಿನ ಹತ್ತಿರಕ್ಕೇ ನೋಡಲಾ?"

ಅವಳು ಅವನ ಅಂಗಿಯ ಕಾಲರಿನ ಮಡಿಕೆ ಸರಿಮಾಡಿದಳು. ಕೈ ಅಲ್ಲೇ ಒಂದು ಗಳಿಗೆ ನಿಂತಿತು.

"ಅರ್ಜಿ ಹಾಕಿ. ಖಂಡಿತ ಬನ್ನಿ. ನಿಮ್ಮಂಥ ಡಾಕ್ಟರು ಎಲ್ಲಿಗೂ ಬೇಕು. ಆದರೆ ಅದು ದೊಡ್ಡ ದೇಶ ಇಚ್ಚಾಯಾ. ಬೇರೆ ಊರುಗಳೂ ಇವೆ."

ಅವನು ಒಂದು ಸಲ ಜಗಳಕ್ಕೆ ಬರಲಿ, ಒಂದೇ ಸಲ, ಎಂದು ಕಾದಳು. ಅವನು "ಸರಿ" ಅಂದ. ಗೇಟಿನ ಕಡೆ ನಡೆದ.

ಅವನ ಬೆನ್ನು ಮರೆಯಾದ ಮೇಲೆ ಕಣ್ಣೀರು ಬಂತು, ತಡೆಯಿಲ್ಲದೆ. ಆಸ್ಪತ್ರೆಯ ಓಣಿಯಲ್ಲಿ ಅಳುವವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಔಷಧಿಗೆ ಕಾಯುತ್ತಿದ್ದ ಒಬ್ಬಳು ಮುದುಕಿ ಮಾತ್ರ ಅವಳ ಕೈ ಹಿಡಿದು, "ಯಾರು ತೀರಿಕೊಂಡರು ಮಗಳೇ?" ಎಂದು ಕೇಳಿದಳು.

ಜಿಸ್ಮಿ ಯಾರೂ ಇಲ್ಲವೆಂದು ತಲೆಯಾಡಿಸಿ ಕಣ್ಣೊರೆಸಿಕೊಂಡಳು.

ಮುದುಕಿ ಮತ್ತೆ ಕೇಳಲಿಲ್ಲ. ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟಳು.