ಬಾಯ್ಲರ್ ಕೋಣೆಯ ಮೂವರು

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ದೂರು ಒಂದು ಹಡಗಿನದ್ದು. ಅದೂ ಎಂಬತ್ತು ಚಿಲ್ಲರೆ ವರ್ಷದಿಂದ ಸಮುದ್ರದಡಿ ಬಿದ್ದುಕೊಂಡಿರುವ ಹಡಗು. ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಆ ನೌಕಾಪಡೆ ಹಡಗು ಸಂರಕ್ಷಿತ ಪರಂಪರೆ ಎಂದು ಸರಕಾರಕ್ಕೆ ಜ್ಞಾನೋದಯವಾದದ್ದು ಕಳೆದ ವರ್ಷ. ಈಗ ಯಾರೋ ಅದರ ಬಾಯ್ಲರ್ ಕೋಣೆಯ ಬಾಗಿಲು ಮುರಿದಿದ್ದಾರೆ ಎಂದು ಪುರಾತತ್ವ ಇಲಾಖೆಯ ಅಧಿಕಾರಿ ಚೈತಾಲಿ ಬರೆದುಕೊಟ್ಟರು. ಇನ್‌ಸ್ಪೆಕ್ಟರ್ ನಿತ್ಯಾನಂದ ಶೆಟ್ಟರಿಗೆ ನಗು ಬಂತು. ನಂತೂರಿನಲ್ಲಿ ಹಾಡುಹಗಲೇ ಲಾರಿ ಬ್ಯಾಟರಿ ಎಗರಿಸುವವರನ್ನು ಹಿಡಿಯಲು ಜನ ಇಲ್ಲ, ಇನ್ನು ನೀರಿನಡಿಯ ಕಳ್ಳನ ಬೆನ್ನು ಹತ್ತಬೇಕಂತೆ. ಆದರೂ ಎಫ್‌ಐಆರ್ ದಾಖಲಾಯಿತು.

ಮರುದಿನ ದೋಣಿಯಲ್ಲಿ ಹೋಗಿ, ಮುಳುಗುಗಾರರನ್ನು ಇಳಿಸಿ, ಅವರು ತಂದ ಫೋಟೋ ನೋಡಿ ಪಂಚನಾಮೆ ಬರೆದರು. ತುಕ್ಕು ಹಿಡಿದ ಬಾಗಿಲನ್ನು ಯಾರೋ ಹಾರೆಯಿಂದ ಮೀಟಿ ತೆಗೆದಿದ್ದರು. ಪಕ್ಕದಲ್ಲೇ ಹಿತ್ತಾಳೆಯ ಕಿಟಕಿ ಚೌಕಟ್ಟುಗಳು ಇದ್ದ ಹಾಗೇ ಇದ್ದವು.

"ಗುಜರಿಯವನಾದರೆ ಹಿತ್ತಾಳೆ ಬಿಟ್ಟು ಹೋಗ್ತಾನಾ ಮಾರಾಯ?" ಎಂದು ಶೆಟ್ಟರು ಕಾನ್‌ಸ್ಟೇಬಲ್ ನಿಝಾರ್‌ನನ್ನು ಕೇಳಿದರು.

ನಿಝಾರ್ ಬಾಯಿ ಬಿಟ್ಟದ್ದು ಶುಕ್ರವಾರ, ಬೆಂಗ್ರೆಯ ಮಸೀದಿಯಲ್ಲಿ ಜುಮ್ಮಾ ನಮಾಜು ಮುಗಿಸಿ ಫೆರಿಯಲ್ಲಿ ಹೊಳೆ ದಾಟಿ ಬಂದ ಮೇಲೆ.

"ಸರ್, ನಮ್ಮ ಪಳ್ಳಿಯಲ್ಲಿ ಒಂದು ಹೊಸ ಕಬರ್ ಉಂಟು."

"ಅದಕ್ಕೆ?"

"ಊರಲ್ಲಿ ಯಾರೂ ಸತ್ತಿಲ್ಲ ಸರ್. ನಮ್ಮಲ್ಲಿ ಒಬ್ಬರು ತೀರಿಕೊಂಡ್ರೆ ಪಳ್ಳಿಯ ಮೈಕಿನಲ್ಲಿ ಹೇಳ್ತಾರೆ. ವಾಟ್ಸಾಪಿನಲ್ಲಿ ದುಬಾಯಿಯವರಿಗೂ ಗೊತ್ತಾಗ್ತದೆ. ಇದಕ್ಕೆ ಮೈಕೂ ಇಲ್ಲ, ಮೆಸೇಜೂ ಇಲ್ಲ. ಮಣ್ಣು ಮಾತ್ರ ಹಸಿ. ತಲೆ ಹತ್ತಿರ, ಕಾಲ ಹತ್ತಿರ ಕಲ್ಲು ನೆಟ್ಟಿದ್ದಾರೆ."

ಹೇಳಿ ಮುಗಿಸಿದ ಮೇಲೆ ಅವನ ಮುಖ ಬಾಡಿತ್ತು. ಹೇಳಬಾರದಿತ್ತು ಎಂದು ಅವನಿಗೆ ಅನಿಸಿದ್ದು ಶೆಟ್ಟರಿಗೂ ಗೊತ್ತಾಯಿತು.

ಗುಂಡಿ ತೋಡುವ ಅಹ್ಮದ್ ಬಾವ ಏನನ್ನೂ ಮುಚ್ಚಿಡಲಿಲ್ಲ.

"ತೋಡ್ಲಿಕ್ಕೆ ಯಾರು ಹೇಳಿದ್ದು?" ಎಂದು ಶೆಟ್ಟರು ಕೇಳಿದರು.

"ಸಲಾಂ."

"ಮಯ್ಯತ್ ಯಾರದ್ದು? ಸತ್ತದ್ದು ಯಾರು?"

"ಕೇಳ್ಲಿಲ್ಲ ಸರ್. ಕಫನ್ ಬಟ್ಟೆ ಸುತ್ತಿ ತಂದಿದ್ದ. ಅದನ್ನು ಕಂಡ ಮೇಲೆ ಎಂತ ಕೇಳುವುದು?"

ಸಲಾಂ ಎಂದರೆ ಮೀನು ಬೋಟುಗಳು ನಿಲ್ಲುವ ದಕ್ಕೆಯಲ್ಲಿ ಅವುಗಳ ಪ್ರೊಪೆಲ್ಲರಿಗೆ ಸಿಕ್ಕಿದ ಬಲೆ ಬಿಡಿಸುವ ಮುಳುಗುಗಾರ. ಇಲಾಖೆಯ ಸಮೀಕ್ಷೆಗೆ ಆ ಹಡಗಿಗೆ ಇಳಿದವನೂ ಅವನೇ. ಶೆಟ್ಟರು ನೇರ ಚೈತಾಲಿಯ ಕಚೇರಿಗೆ ಹೋದರು.

"ಬಾಯ್ಲರ್ ಕೋಣೆಯಲ್ಲಿ ಎಲುಬು ಇತ್ತಾ ಮೇಡಂ?"

ಚೈತಾಲಿ ಎದುರಿನ ಫೈಲು ಮುಚ್ಚಿದರು. "ಇತ್ತು. ಮೂರು ಜನರದ್ದು. ಸಲಾಂ ಬಿರುಕಿನಲ್ಲಿ ಟಾರ್ಚ್ ಬಿಟ್ಟು ನೋಡಿದ್ದ. ನಾವು ಹೊರಗೆ ಹೇಳಲಿಲ್ಲ. ಹೇಳಿದರೆ ವಾರಸುದಾರರು ಬರ್ತಾರೆ."

"ಬಂದರಾ?"

"ಸಲಾಂ ಬಂದ. ಅವನ ಅಜ್ಜ ಆ ಹಡಗಿನಲ್ಲಿ ಕಲ್ಲಿದ್ದಲು ಹಾಕುವ ಖಲಾಸಿಯಂತೆ. ಎರಡು ಸಲ ಕೇಳಿದ. ಸಂರಕ್ಷಿತ ತಾಣದಲ್ಲಿ ಏನನ್ನೂ ಅಲ್ಲಾಡಿಸುವ ಹಾಗಿಲ್ಲ ಅಂದೆ."

"ಇದನ್ನು ದೂರಿನಲ್ಲೇ ಹೇಳಬಹುದಿತ್ತಲ್ಲ."

"ಪಾಪದವನು ಸರ್. ಹಾಗೆ ಮಾಡಿಯಾನು ಅಂತ ನನಗೆ ಅನಿಸಲಿಲ್ಲ. ಆದರೆ ಆ ಹಡಗಿನಲ್ಲಿ ಎಲ್ಲಕ್ಕಿಂತ ಬೆಲೆ ಇದ್ದದ್ದು ಆ ಎಲುಬುಗಳಿಗೇ."

ಬೆಲೆಯಂತೆ. ಬದುಕಿದ್ದಾಗ ಆ ಮೂವರಿಗೆ ಯಾರು ಬೆಲೆ ಕಟ್ಟಿದ್ದರೋ. ಇದನ್ನು ಶೆಟ್ಟರು ಕೇಸ್ ಡೈರಿಯಲ್ಲಿ ಬರೆಯುವ ಹಾಗಿರಲಿಲ್ಲ.

ಸಂಜೆ ಸಲಾಂ ಮನೆಯಲ್ಲೇ ಸಿಕ್ಕಿದ. ಓಡಲಿಲ್ಲ.

"ಬಾಗಿಲು ಮುರಿದದ್ದು ನೀನಾ?"

"ಹೌದು ಸರ್."

"ಮೂವರಲ್ಲಿ ಅಜ್ಜ ಯಾರು ಅಂತ ಹೇಗೆ ಗೊತ್ತಾಯ್ತು?"

"ಗೊತ್ತಾಗ್ಲಿಲ್ಲ. ಅದಕ್ಕೇ ಮೂವರನ್ನೂ ಒಂದೇ ಕಬರಿನಲ್ಲಿ ಇಟ್ಟೆ. ಉಳಿದ ಇಬ್ಬರು ಯಾವ ಜಾತಿಯೋ, ಎಲ್ಲಿಯವರೋ. ಬಿಟ್ಟು ಬರ್ಲಿಕ್ಕೆ ಮನಸ್ಸಾಗ್ಲಿಲ್ಲ."

"ಗುರುತಿನ ಕಲ್ಲು ಯಾಕೆ ನೆಟ್ಟೆ? ಸುಮ್ಮನೆ ಮಣ್ಣು ಸಮ ಮಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ."

"ಉಮ್ಮನಿಗೆ ಕಾಣಬೇಕಲ್ಲ ಸರ್."

ಅವನ ತಾಯಿ ಸಾಜಿದಾ ಒಳಬಾಗಿಲ ಬಳಿ ಕೂತಿದ್ದಳು. ಅಪ್ಪ ಹಡಗು ಹತ್ತಿದ ಮೇಲೆ ಹುಟ್ಟಿದವಳು. ಅಪ್ಪನ ಮುಖ ಕಂಡವಳಲ್ಲ, ಫೋಟೋ ಕೂಡ ಇರಲಿಲ್ಲ. ಅವಳ ತಾಯಿ ಲೈಲಾ ಸಾಯುವ ತನಕ ಪ್ರತಿ ಶುಕ್ರವಾರ ಕಡಲಿಗೆ ಮುಖ ಮಾಡಿ ದುವಾ ಮಾಡುತ್ತಿದ್ದಳು, ಆಮೇಲೆ ಮಗಳು. ಹೆಂಗಸರು ಒಳಗೆ ಹೋಗುವ ಹಾಗಿಲ್ಲದ ಕಬರಸ್ಥಾನದ ಗೋಡೆಯ ಹೊರಗೆ ನಿಂತು, ಆ ಎರಡು ಕಲ್ಲು ನೋಡಿಕೊಂಡು ಅಪ್ಪನಿಗಾಗಿ ಬೇಡಿಕೊಳ್ಳಲು ಅವಳಿಗೆ ಸಿಕ್ಕಿದ್ದು ಎರಡೇ ಎರಡು ಶುಕ್ರವಾರ. ಸಲಾಂ ಮಾಡಿದ್ದೆಲ್ಲ ಇದಕ್ಕೆ. ಶೆಟ್ಟರು ಅವನನ್ನು ದಸ್ತಗಿರಿ ಮಾಡಿದರು.

ಬುಧವಾರ ಸಹಾಯಕ ಆಯುಕ್ತರ ಎದುರಲ್ಲಿ ಕಬರ್ ಅಗೆದರು. ತೋಡಿದ್ದ ಅಹ್ಮದ್ ಬಾವನೇ ಅಗೆಯಬೇಕಾಯಿತು, ಬೇರೆ ಯಾರೂ ಹಾರೆ ಮುಟ್ಟಲಿಲ್ಲ. ಎಲುಬುಗಳನ್ನು ಪೆಟ್ಟಿಗೆಗೆ ತುಂಬಿ ಅರಗಿನ ಮುದ್ರೆ ಒತ್ತಿದರು. ಗೋಡೆಯ ಹೊರಗಿದ್ದ ಸಾಜಿದಾ ಬ್ಯಾರಿ ಭಾಷೆಯಲ್ಲಿ ಏನೋ ಕೇಳಿದಳು.

"ಅಪ್ಪನನ್ನು ಎಲ್ಲಿಡ್ತೀರಿ ಅಂತ ಕೇಳ್ತಾರೆ ಸರ್" ಎಂದ ನಿಝಾರ್.

"ಠಾಣೆಯಲ್ಲಿ ಸಾಕ್ಷ್ಯದ ಸಾಮಾನು ಇಡುವ ಮುದ್ದೆಮಾಲು ಕೋಣೆಯಲ್ಲಿ. ಕೇಸ್ ಮುಗಿದ ಮೇಲೆ ಇಲಾಖೆಗೆ."

ನಿಝಾರ್ ಹೇಳಿದ. ಅವಳು ಮತ್ತೊಂದು ಮಾತು ಕೇಳಿದಳು.

"ಶುಕ್ರವಾರ ಅಲ್ಲಿಗೆ ಬಂದು ಹೊರಗೆ ನಿಲ್ಲಬಹುದಾ ಅಂತ ಸರ್."

"ಕೋರ್ಟಿನ ಅನುಮತಿ ಬೇಕು ಅಂತ ಹೇಳು."

ನಿಝಾರ್ ತಲೆ ತಗ್ಗಿಸಿದ. "ನೀವೇ ಹೇಳಿ ಸರ್."

ಶೆಟ್ಟರು ಗೋಡೆಯ ಬಳಿ ಹೋಗಿ ಕೋರ್ಟಿನ ಅನುಮತಿಯ ಮಾತನ್ನು ತಾವೇ ತುಳುವಿನಲ್ಲಿ ಹೇಳಿದರು. ಸಾಜಿದಾಳಿಗೆ ತುಳು ಚೆನ್ನಾಗಿ ಬರುತ್ತಿತ್ತು, ಒಂದೊಂದು ಮಾತೂ ಅರ್ಥವಾಯಿತು.