ಹಗೇವಿನ ಅರ್ಥಿಂಗ್

“ಎಲ್ಲಾದ್ರೂ ಅಗೀರಿ, ಮುರುಗೇಶಪ್ಪ. ಆ ಹಗೇವಿಗೆ ಮಾತ್ರ ಇಳಿಬ್ಯಾಡ್ರಿ.”

ಹೀಗೆಂದವಳು ಮನೆಯೊಡತಿ ಬಸಮ್ಮ. ಹೇಳುವಾಗ ಅವನ ಮುಖ ನೋಡಲಿಲ್ಲ. ಹಿತ್ತಲ ಮೂಲೆಯಲ್ಲಿ ಚಪ್ಪಡಿ ಮುಚ್ಚಿಕೊಂಡು ಬಿದ್ದಿದ್ದ ಆ ನೆಲಗಣಜದ ಕಡೆಗೂ ನೋಡಲಿಲ್ಲ. ಮೊರದಲ್ಲಿದ್ದ ಅವರೆಕಾಳಿನಲ್ಲಿ ಇಲ್ಲದ ಹುಳುಕು ಆರಿಸುತ್ತ ಹೇಳಿದಳು.

ಮುರುಗೇಶ್ ಯಾಕೆಂದು ಕೇಳಿದ.

“ಯಾಕಂದ್ರೆ ಬ್ಯಾಡ, ಅಷ್ಟೇ.”

ಅವನು ನಕ್ಕ. ಒಳಗೆ ದೆವ್ವವೇನಾದರೂ ಸಂಸಾರ ಹೂಡಿದೆಯಾ, ನಮಗಿಂತ ಮುಂಚೆಯೇ ಬಾಡಿಗೆಗೆ ಬಂದಿತ್ತಾ ಎಂದು ಕಿಚಾಯಿಸಿದ. ಬಸಮ್ಮ ನಗಲಿಲ್ಲ. ಹಿತ್ತಲ ಬಾಗಿಲಿಗೆ ಒರಗಿ ಕುಳಿತಿದ್ದ ಅವಳ ವಾರಗಿತ್ತಿ ಕೆಂಚಕ್ಕ ಮಾತ್ರ ಗಂಟಲಲ್ಲಿ ಏನೋ ಸದ್ದು ಮಾಡಿದಳು. ಕೆಂಚಕ್ಕ ಹುಟ್ಟುಮೂಗಿಯಲ್ಲ. ಬಹಳ ವರ್ಷದ ಕೆಳಗೆ ಅಣ್ಣತಮ್ಮಂದಿರ ಪಾಲಿನ ಪಂಚಾಯ್ತಿ ನಡೆದಾಗ, ಮಾವ ಸಾಯುವಾಗ ಯಾವ ಹೊಲ ಯಾರಿಗೆ ಅಂದಿದ್ದನೆಂದು ಇವಳೇ ಹೇಳಬೇಕಿತ್ತಂತೆ. ಅವತ್ತು ಬೆಳಿಗ್ಗೆ ಎದ್ದಾಗ ಬಾಯಿ ಬಿದ್ದುಹೋಗಿತ್ತು. ಲಕ್ವಾ ಎಂದು ಊರು ನಂಬಿತು.

ಮುರುಗೇಶನಿಗೆ ಬೇಕಾಗಿದ್ದುದು ಹಸಿ ನೆಲ, ಅಷ್ಟೇ. ದುರ್ಗದಲ್ಲಿ ಅವನದೊಂದು ಆಂಪ್ಲಿಫೈಯರ್ ರಿಪೇರಿ ಅಂಗಡಿಯಿತ್ತು. ಟೀಚರಾಗಿದ್ದ ಹೆಂಡತಿ ಸಹನಾಳಿಗೆ ತಾಳ್ಯದ ಶಾಲೆಗೆ ವರ್ಗವಾಗಿ, ಇಬ್ಬರೂ ಬಸಮ್ಮನ ಮನೆಯ ಅರ್ಧಭಾಗಕ್ಕೆ ಬಂದಿದ್ದರು. ಅವನು ಅವಳನ್ನು ನೋಡಿ ಒಪ್ಪಿದವನಲ್ಲ, ಕೇಳಿ ಒಪ್ಪಿದವನು. ಮಠದ ಸಮಾರಂಭಕ್ಕೆ ಮೈಕು ಹಾಕಲು ಹೋದಾಗ ಅವಳು ವಚನ ಹಾಡಿದ್ದಳು. ಇವನು ಸೌಂಡ್ ಬಾಕ್ಸಿನ ಹಿಂದೆಯೇ ಊಟ ಮರೆತು ಕುಳಿತುಬಿಟ್ಟಿದ್ದ. ಈಗ ಅವಳ ಹಾಡನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಆಕಾಶವಾಣಿಗೆ ಕಳಿಸಬೇಕಿತ್ತು. ಆ ಕಂಠ ನಾಕು ಜನ ಕೇಳಬೇಕು ಎಂಬುದೊಂದೇ ಅವನ ಹಟ.

ಆದರೆ ಏನು ರೆಕಾರ್ಡ್ ಮಾಡಿದರೂ ಅದರಡಿಯಲ್ಲಿ ಒಂದು ಜುಂಯ್ ಕುಳಿತಿರುತ್ತಿತ್ತು. ಜೇನುಗೂಡಿಗೆ ಕಿವಿಯಿಟ್ಟ ಹಾಗೆ. ಹಾಡು ನಿಂತರೂ ಅದು ನಿಲ್ಲುತ್ತಿರಲಿಲ್ಲ. ಮುರುಗೇಶ್ ಫ್ರಿಜ್ಜು ಆರಿಸಿದ, ಎಲ್‌ಇಡಿ ಬಲ್ಬು ಬಿಚ್ಚಿದ, ಫ್ಯಾನಿನ ರೆಗ್ಯುಲೇಟರ್ ಬದಲಿಸಿದ. ಕರೆಂಟಿನ ವೈರನ್ನು ಮೈಕಿನ ವೈರಿನಿಂದ ದೂರಕ್ಕೆ ಎಳೆದ. ಎಲ್ಲ ಪ್ಲಗ್ಗುಗಳನ್ನೂ ಒಂದೇ ಬೋರ್ಡಿಗೆ ತಂದ. ಒಂದೊಂದಕ್ಕೂ ಒಂದಿಷ್ಟು ಕಿರಿಕಿರಿ ಕಳಚಿತು. ಬುಡದ ಜುಂಯ್ ಅಲುಗಲಿಲ್ಲ. ಕೊನೆಗೆ ಮೀಟರ್ ಹಿಡಿದು ನೋಡಿದರೆ ಮನೆಗೆ, ಬೇಡದ ಕರೆಂಟನ್ನು ಹಸಿ ನೆಲಕ್ಕಿಳಿಸುವ ಅರ್ಥಿಂಗೇ ಇರಲಿಲ್ಲ. ಗೋಡೆಯಿಂದ ಹೊರಬಂದ ವೈರು ಒಣ ಗರಸಿನಲ್ಲಿ ನೆಟ್ಟ ತುಕ್ಕುಪೈಪಿಗೆ ಸುತ್ತಿಕೊಂಡು ಸುಮ್ಮನಾಗಿತ್ತು. ಉಪ್ಪು, ಇದ್ದಿಲು ಸುರಿದು ಎಷ್ಟು ನೀರು ಹೊಯ್ದರೂ ಆ ನೆಲ ನಿಮಿಷದಲ್ಲಿ ಕುಡಿದು ಒಣಗುತ್ತಿತ್ತು. ತೊಟ್ಟಿಯ ಸೋರಿಕೆ ಇಂಗಿ ಹಸಿಯಾಗಿದ್ದುದು ಹಗೇವಿನ ತಳ ಮಾತ್ರ. ಒಂದು ಕಾಲಕ್ಕೆ ರಾಗಿ ತುಂಬಿಡುತ್ತಿದ್ದ ಗುಂಡಿ ಅದು. ಬಾಯಿ ಒಬ್ಬ ಆಳು ತೂರುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು.

ಭಾನುವಾರ ಬಸಮ್ಮ ಹಿಟ್ಟಿನ ಗಿರಣಿಗೆ ಹೋದದ್ದೇ ತಡ, ಅವನು ಚಪ್ಪಡಿ ಸರಿಸಿದ. ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆಂದು ಅವನಿಗೂ ಗೊತ್ತಿತ್ತು. ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟ. ದೀಪ ಆರಲಿಲ್ಲ. ಮುದುಕಿಯ ಹೆದರಿಕೆ ಇಷ್ಟೇ ಎಂದುಕೊಂಡು ಏಣಿ ಇಳಿದ.

ಮುಗ್ಗಿದ ರಾಗಿಯ ನಾತ. ಇಲಿಯ ನಾತ. ಅವೆರಡರ ಅಡಿಯಲ್ಲಿ ಕೂದಲು ಸುಟ್ಟ ವಾಸನೆ. ತಲೆಯ ಮೇಲಿನ ಬೆಳಕು ತಟ್ಟೆಯಷ್ಟಾಗಿ ಉಳಿಯಿತು. ಕತ್ತಲು ತಣ್ಣಗೆ ಕುತ್ತಿಗೆಗೆ ತಾಗಿತು. ಮತ್ತೆ, ಅದೇ ಜುಂಯ್. ವೈರಿಲ್ಲ, ಕರೆಂಟಿಲ್ಲ, ಆದರೂ ಸಣ್ಣಗೆ, ಮಣ್ಣಿನೊಳಗಿಂದ. ಕೇಳಿ ಕೇಳಿ ನನ್ನ ಕಿವಿಯಲ್ಲೇ ಮನೆ ಮಾಡಿದೆ ಎಂದುಕೊಂಡು ಗುದ್ದಲಿ ಹಾಕಿದ.

ಠಣ್ ಎಂದಿತು.

ರೊಟ್ಟಿ ಹೆಂಚಿನಗಲದ ತಾಮ್ರದ ತಗಡು. ಮೈತುಂಬ ಗೀಚಿದ ಚೌಕಗಳು, ಚೌಕಗಳೊಳಗೆ ಅಕ್ಷರ. ಅದರ ಮೇಲೆ ಉದ್ದ ಕೂದಲು ಸುತ್ತಿದ ಮಣ್ಣಿನ ಗೊಂಬೆ. ಗೊಂಬೆಯ ತುಟಿಗಳನ್ನು ಜಾಲಿಮುಳ್ಳಿನಿಂದ ಹೊಲಿದಿದ್ದರು. ಮುರುಗೇಶನಿಗೆ ಮೊದಲು ಬಂದದ್ದು ಸಂತೋಷ. ಇಷ್ಟು ದಪ್ಪದ ತಾಮ್ರ ಅಂಗಡಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಗೊಂಬೆಯ ಮುಳ್ಳುಗಳನ್ನು ಕುತೂಹಲಕ್ಕೆ ಒಂದೊಂದಾಗಿ ಕಿತ್ತು, ಮೇಲೆ ಬಂದು ಗೊಂಬೆಯನ್ನು ತಿಪ್ಪೆಗೆ ಎಸೆದ. ತಗಡನ್ನು ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿದ. ಬೋಲ್ಟು ಬಿಗಿದು, ವೈರು ಜೋಡಿಸಿ, ಹಗೇವಿನ ತಳದಲ್ಲಿ ಉಪ್ಪು ಇದ್ದಿಲಿನ ನಡುವೆ ಅದನ್ನೇ ಮತ್ತೆ ಹೂತ.

ಒಳಗೆ ಬಂದು ಸ್ವಿಚ್ ಒತ್ತಿದ. ಜುಂಯ್ ಇರಲಿಲ್ಲ.

ಅಂಥ ನಿಶ್ಶಬ್ದವನ್ನು ಅವನು ಯಾವ ಸ್ಪೀಕರಿನಲ್ಲೂ ಕೇಳಿರಲಿಲ್ಲ. ಗೆದ್ದವನಂತೆ ಸಹನಾಳನ್ನು ಕೂಗಿದ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಮೈಕಿನ ಮುಂದೆ ಕುಳಿತಳು. ಯಾವಾಗಲೂ ಹಾಗೆ, ತುಟಿ ಮೈಕಿನ ಜಾಲರಿಗೆ ತಾಗುವಷ್ಟು ಹತ್ತಿರ. ಅವನು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ.

ಮೊದಲ ಸಾಲು ಬಂತು. ತೊಳೆದ ಹಾಗೆ. ಎರಡನೆಯದರಲ್ಲಿ ದನಿ ಸಣ್ಣದಾಯಿತು. ಮೂರನೆಯದು ಬರಲೇ ಇಲ್ಲ. ಕಣ್ಣು ತೆರೆದ. ಸಹನಾ ಹಾಡುತ್ತಿದ್ದಳು. ಬಾಯಿ ಆಡುತ್ತಿತ್ತು. ಕತ್ತಿನ ನರ ಉಬ್ಬಿತ್ತು. ವೈರು ಅಲ್ಲಾಡಿಸಿದ. ಹೆಡ್‌ಫೋನ್ ಕಿತ್ತ. ಕೋಣೆಯಲ್ಲೂ ಸದ್ದಿಲ್ಲ. ಅವಳು ಗಂಟಲು ಹಿಡಿದುಕೊಂಡಳು. ಕೂಗಿದಳು. ಕೂಗಿದ್ದು ಕಂಡಿತು. ಕೇಳಲಿಲ್ಲ.

ಆಗ ಕೆಂಚಕ್ಕ ಕೂರುವ ಹಿತ್ತಲ ಬಾಗಿಲಿನಿಂದ ಒಂದು ದನಿ ಬಂತು. ತುಕ್ಕು ಹಿಡಿದ ಕೀಲು ತಿರುಗಿದಂಥ ದನಿ.

“ಬಸವ್ವಾ... ನೀರು ಕೊಡೇ.”

ಗಿರಣಿಯಿಂದ ಬಂದಿದ್ದ ಬಸಮ್ಮನ ಕೈಯಿಂದ ಹಿಟ್ಟಿನ ಡಬ್ಬಿ ಬಿತ್ತು.

ಹೊಳಲ್ಕೆರೆಯ ಡಾಕ್ಟರು ನೋಡಿದರು, ದುರ್ಗದ ಡಾಕ್ಟರೂ ನೋಡಿದರು. ಗಂಟಲು ಸರಿಯಾಗಿಯೇ ಇದೆ ಎಂದರು. ಸಹನಾ ಶಾಲೆಗೆ ರಜೆ ಹಾಕಿ ಕನ್ನಡಿಯ ಮುಂದೆ ಬಾಯಿ ತೆರೆದುಕೊಂಡು ಕುಳಿತಳು. ರಾತ್ರಿಯ ಊಟಕ್ಕೂ ಏಳುತ್ತಿರಲಿಲ್ಲ. ಮುರುಗೇಶ್ ಕದ್ದು ಹಗೇವಿಗೆ ಇಳಿದು ವೈರು ಕತ್ತರಿಸಿದ, ತಗಡು ಹೊರಗೆಳೆದ. ಏನೂ ಆಗಲಿಲ್ಲ.

ಕೆಂಚಕ್ಕನೋ, ಮಾತಾಡುತ್ತಿದ್ದಳು. ಎದ್ದಾಗಿನಿಂದ ಮಾತು. ಕರುವಿಗೆ ಹೆಸರಿಟ್ಟಳು, ಕೋಳಿಯನ್ನು ಬೈದಳು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಯಾರ ಮಕ್ಕಳೆಂದು ವಿಚಾರಿಸಿದಳು. ಮುರುಗೇಶನನ್ನು ಮಗಾ ಎಂದಳು. ಮೇಡಮ್ಮಿಗೆ ಮೆಣಸಿನ ಕಷಾಯ ಕಾಸಿಕೊಡು ಎಂದು ದಿನಾ ಹೇಳಿದಳು. ಹೊಲದ ಮಾತು, ಪಾಲಿನ ಮಾತು ಅವಳ ಬಾಯಿಗೆ ಬರಲೇ ಇಲ್ಲ. ಬಸಮ್ಮ ಒಳಮನೆಯ ಕತ್ತಲಲ್ಲಿ ಕುಳಿತು ಅದಕ್ಕಾಗಿಯೇ ಕಾಯುತ್ತಿದ್ದಳು.

ಮುರುಗೇಶ್ ಅವಳ ಮುಂದೆ ತಗಡು ಇಟ್ಟ. ಬಸಮ್ಮ ಅದನ್ನು ಸೆರಗಿನಿಂದ ಮುಚ್ಚಿದಳು.

“ಬ್ಯಾಡ ಅಂತ ಹೇಳಿರ್ಲಿಲ್ವಾ ನಾನು?”

“ಯಾಕೆ ಅಂತ ಹೇಳ್ಲಿಲ್ಲ ನೀವು.”

“ಹೆಂಗ್ ಹೇಳ್ಲಪ್ಪ? ಹೂತೋಳು ನಾನೇ ಅಂತ ಹೆಂಗ್ ಹೇಳ್ಲಿ?”

ಆಮೇಲೆ ಪಿಸುದನಿಯಲ್ಲಿ ಎಲ್ಲಾ ಹೇಳಿದಳು. ಕೆಂಚಕ್ಕ ಹೊಲದ ಮಾತು ಆಡದಿರಲೆಂದು ಪಂಚಾಯ್ತಿಯ ಹಿಂದಿನ ದಿನ ಬಾಗೂರಿನ ಕಡೆಯ ಮಾಟಗಾರನೊಬ್ಬನಿಂದ ಮಾಡಿಸಿದ ಬಾಯಿಕಟ್ಟು ಅದು. ಅವನು ಸತ್ತು ಹೋಗಿದ್ದಾನೆ. ಬಿಚ್ಚುವುದು ಯಾರಿಗೂ ಗೊತ್ತಿಲ್ಲ. ಆ ತಗಡಿಗೆ ಒಂದು ಬಾಯಿ ಬೇಕೇ ಬೇಕು. ಗೊಂಬೆಯ ಬಾಯಿ ಬಿಟ್ಟಿತು, ತಾಗಿದ ಬಾಯಿ ಹಿಡಿಯಿತು. ಮುರುಗೇಶನಿಗೆ ಎಲ್ಲವೂ ಕಣ್ಣಿಗೆ ಕಟ್ಟಿತು. ತಗಡಿನಿಂದ ವೈರು. ವೈರಿನಿಂದ ಆಂಪ್ಲಿಫೈಯರಿನ ಮೈ. ಅಲ್ಲಿಂದ ಮೈಕಿನ ಜಾಲರಿ. ಜಾಲರಿಯಿಂದ ಸಹನಾಳ ತುಟಿ. ಅಷ್ಟು ಉದ್ದಕ್ಕೂ ದಾರಿ ಎಳೆದುಕೊಟ್ಟವನು ಅವನೇ.

“ಹೆಂಗಿತ್ತೋ ಹಂಗೇ ಇಟ್ರೆ ಮೇಡಮ್ಮಿನ ಬಾಯಿ ಬರ್ತೈತೆ,” ಎಂದಳು ಬಸಮ್ಮ. ಆಗ ಯಾರ ಬಾಯಿ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಹೊತ್ತು ಮುಳುಗುವಾಗ ಅವನು ತಿಪ್ಪೆ ಕೆದಕಿದ. ಗೊಂಬೆ ಸಿಕ್ಕಿತು. ಕೂದಲು ಹಾಗೇ ಇತ್ತು. ಬೇಲಿಯಲ್ಲಿ ಹೊಸ ಜಾಲಿಮುಳ್ಳು ಮುರಿದುಕೊಂಡ. ಯಾರಿಗೂ ಕಾಣಬಾರದೆಂದು ಲಾಟೀನು ಹಿಡಿಯದೆ ಇಳಿದ.

ಕತ್ತಲು. ಕೂದಲಿನ ವಾಸನೆ. ಕೈ ತಡವರಿಸಿ ತಗಡು ಹಾಸಿದ. ಗೊಂಬೆಯ ತುಟಿ ಬೆರಳಿಗೆ ಸಿಕ್ಕಿತು. ಬೆಚ್ಚಗಿತ್ತು. ಒಂದು ಮುಳ್ಳು. ಇನ್ನೊಂದು. ಮಣ್ಣು ಮಾಂಸದ ಹಾಗೆ ಬಿಟ್ಟುಕೊಟ್ಟಿತು. ಮೇಲಿನ ಬೆಳಕಿಗೆ ಒಂದು ತಲೆ ಅಡ್ಡ ಬಂತು.

“ಯಾರದು, ಮುರುಗೇಶನಾ? ದೀಪ ಬಿಟ್ಟು ನೋಡ್ದೇನೋ ಮಗಾ?”

ಮತ್ತೊಂದು ಮುಳ್ಳು ಚುಚ್ಚಿದ. ಮೇಲೆ ಕೆಂಚಕ್ಕ ಕೆಮ್ಮಿದಳು. ದನಿ ಕಟ್ಟುತ್ತಿತ್ತು. ಆದರೂ ಬಿಡಲಿಲ್ಲ.

“ಒಳಗೆ ಉಸ್ರು ಕಟ್ತೈತೆ ಕಣಪ್ಪ. ಮೇಲಕ್ಕೆ ಬಾ. ನಾನು ಲಾಟೀನು ತರ್ತೀನಿ. ದೀಪ ಬಿಟ್ಟು ನೋಡಿ ಆಮೇಲೆ...”

ಕೊನೆಯ ಮುಳ್ಳು ಒಳಗೆ ಹೋಯಿತು.

ಮೇಲೆ ಸದ್ದು ನಿಂತಿತು. ತಲೆ ಮಾತ್ರ ಅಲ್ಲೇ ಇತ್ತು. ಬಾಯಿ ಆಡುತ್ತಲೇ ಇತ್ತು. ಅವನು ಎರಡೂ ಕೈಯಲ್ಲಿ ಮಣ್ಣೆಳೆದು ಮುಚ್ಚಿದ. ಏಣಿ ಹತ್ತುವಾಗ ಮನೆಯೊಳಗಿನಿಂದ ಸಹನಾಳ ಕೂಗು ಕೇಳಿತು.

“ರೀ...”

ಕೆಂಚಕ್ಕನಿಗೆ ಮತ್ತೆ ಲಕ್ವಾ ಹೊಡೆಯಿತು ಎಂದು ಊರು ಮರುಗಿತು. ಸಹನಾ ಅವಳ ಪಕ್ಕ ಕುಳಿತು ಅತ್ತಳು. ಕೆಂಚಕ್ಕ ಮುರುಗೇಶನನ್ನು ನೋಡಿದಾಗಲೆಲ್ಲ ಕೈಸನ್ನೆ ಮಾಡುತ್ತಿದ್ದಳು, ಉಂಡ್ಯಾ ಎಂದು. ಅವನು ಹಿತ್ತಲ ಬಾಗಿಲಿನಲ್ಲಿ ಓಡಾಡುವುದನ್ನೇ ಬಿಟ್ಟ.

ಆಕಾಶವಾಣಿಗೆ ಕಳಿಸುವ ದಿನ ಹತ್ತಿರ ಬಂದಾಗ ಸಹನಾ ತಾನೇ ಮೈಕು ಜೋಡಿಸಿ, ಹೆಡ್‌ಫೋನ್ ಹಾಕಿಕೊಂಡು ಮುಖ ಗಂಟಿಕ್ಕಿದಳು. ಮತ್ತೆ ಅದೇ ಜುಂಯ್ ಬಂದಿದೆ, ಅಷ್ಟು ಚೆನ್ನಾಗಿದ್ದ ಅರ್ಥಿಂಗ್ ಕಿತ್ತದ್ದು ಯಾಕೆ, ಹಗೇವಿಗೇ ಇನ್ನೊಮ್ಮೆ ಹಾಕಬಾರದಾ ಎಂದು ಕೇಳಿದಳು.

“ಬ್ಯಾಡ.”

“ಯಾಕ್ರೀ?”

ಮುರುಗೇಶ್ ಅವಳ ಮುಖ ನೋಡಲಿಲ್ಲ. ಸರಿಯಾಗಿಯೇ ಇದ್ದ ವೈರನ್ನು ಬಿಚ್ಚಿ ಮತ್ತೆ ಸುತ್ತುತ್ತ ಕುಳಿತ.

“ಯಾಕಂದ್ರೆ ಬ್ಯಾಡ, ಅಷ್ಟೇ.”

ನೀವೇ ಕೇಳಿ ನೋಡಿ, ಇದರಲ್ಲಿ ಹೇಗೆ ಹಾಡುವುದು ಎಂದು ಅವಳು ಹೆಡ್‌ಫೋನನ್ನು ಅವನ ತಲೆಗೇ ಏರಿಸಿದಳು. ಜುಂಯ್ ಎನ್ನುತ್ತಿತ್ತು, ಜೇನುಗೂಡಿಗೆ ಕಿವಿಯಿಟ್ಟ ಹಾಗೆ. ಅದರ ತಳದಿಂದ, ಮಣ್ಣು ತುಂಬಿದ ಬಾಯಿಯಿಂದ ಬಂದ ಹಾಗೆ, ಅವತ್ತು ಅರ್ಧಕ್ಕೆ ನಿಂತಿದ್ದ ಕೆಂಚಕ್ಕನ ಮಾತಿನ ಉಳಿದರ್ಧ ಸಣ್ಣಗೆ ಬರುತ್ತಿತ್ತು.

ಇಳಿಯೋ ಮಗಾ. ಇಳಿಯೋ ಮಗಾ.